ಕೊನೆಯ ದರ್ಜೆಗೆ ಒಬ್ಬರು

ಏಪ್ರಿಲ್ ಹನ್ನೆರಡರಂದು ಬೆಳಗ್ಗೆ ಹತ್ತೂವರೆಗೆ ಬಂದ ದೂರು ಎಂಥದ್ದೆಂದು ಠಾಣಾ ಬರಹಗಾರನಿಗೆ ಮೊದಲು ತಲೆಬುಡ ತಿಳಿಯಲಿಲ್ಲ.

“ಏನು ಕಳುವಾಗಿದೆ ಅಂದ್ರಿ?”

“ನನ್ನ ಅಂಕ.”

“ಯಾವ ಬ್ಯಾಂಕು?”

“ಬ್ಯಾಂಕಲ್ಲ, ಅಂಕ. ಮಾರ್ಕ್ಸು.”

“ಮಕ್ಕಳದ್ದಾ?”

“ನಂದೇ.”

ದೂರು ತಂದಾಕೆ ಲಿಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವಳು. ತಿಂಗಳ ಮೊದಲ ದಿನ ಕೆಲಸ ಹೋಗಿತ್ತು. ಅಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಕೆಲಸವನ್ನೂ ತೂಗಿ ಐದಕ್ಕೆ ಇಷ್ಟೆಂದು ಅಂಕ ಹಾಕುತ್ತಾರೆ. ಲೆಕ್ಕವನ್ನು ಕಂಪನಿಯ ಸಾಫ್ಟ್‌ವೇರ್ ಮಾಡುತ್ತದೆ. ಎರಡಕ್ಕಿಂತ ಕಡಿಮೆ ಬಂದವರು ಕೊನೆಯ ದರ್ಜೆ. ಕೊನೆಯ ದರ್ಜೆ ಎಂದರೆ ಮನೆ ದಾರಿ. ಆಕೆಗೆ ಬಂದದ್ದು ಒಂದು ಪಾಯಿಂಟ್ ನಾಲ್ಕು.

“ಇದು ಪೊಲೀಸ್ ಕೇಸಲ್ಲಮ್ಮ. ಕಾರ್ಮಿಕ ಇಲಾಖೆಗೆ ಹೋಗಿ.”

“ಹೋಗಿದ್ದೆ. ಕಂಪನಿನ ಕೇಳಿ ಅಂದ್ರು. ಕಂಪನಿಯವರು ಮೇಲ್ ಕಳಿಸಿ ಅಂದ್ರು. ಕಳಿಸಿದ್ರೆ, ನೀವು ಈಗ ನೌಕರರಲ್ಲ, ನಿಮ್ಮ ಮೇಲ್ ತಗೊಳಕ್ಕಾಗಲ್ಲ ಅಂತ ಉತ್ತರ ಬಂತು. ಹತ್ತು ವರ್ಷದ ಮಗಳು ‘ಅಮ್ಮ ನೀನು ಫೇಲಾ?’ ಅಂತ ಕೇಳ್ತಾಳೆ. ಇನ್ನೆಲ್ಲಿಗೆ ಹೋಗ್ಲಿ ಹೇಳಿ.”

ಆಕೆಯ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಹಿರಿಯರು ಆಗ ಬಾಯಿ ಬಿಟ್ಟರು. “ನಾನು ಇವರ ವಿಭಾಗದ ಮುಖ್ಯಸ್ಥ. ಅಂಕ ಹಾಕಿದವನು ನಾನೇ. ನಾನು ಕೊಟ್ಟಿದ್ದು ನಾಲ್ಕು ಪಾಯಿಂಟ್ ಎರಡು.”

ಈ ಮಾತು ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಕಿವಿಗೆ ಬಿತ್ತು. ಅವರು ಎದ್ದು ಬಂದು ಇಬ್ಬರನ್ನೂ ಕೂರಿಸಿ, ಮತ್ತೊಮ್ಮೆ ಮೊದಲಿಂದ ಹೇಳಿಸಿದರು. ಕೇಳಿ ಮುಗಿಸಿದ ಮೇಲೆ ಬರಹಗಾರನಿಗೆ, “ಎಫ್‌ಐಆರ್ ಹಾಕಿ. ಕಂಪ್ಯೂಟರ್ ದಾಖಲೆ ತಿದ್ದಿದ್ದು, ಆರೋಪಿ ಗೊತ್ತಿಲ್ಲ” ಎಂದರು.

ಸಂಜೆಯೊಳಗೆ ಮೇಲಧಿಕಾರಿಯ ಫೋನು ಬಂತು. “ಸರಗಳ್ಳತನದ ಕೇಸುಗಳು ಕೊಳೀತಾ ಬಿದ್ದಿವೆ, ನೀವು ಪರೀಕ್ಷೆ ಮಾರ್ಕ್ಸಿನ ಹಿಂದೆ ಹೊರಟಿದ್ದೀರಂತೆ.” ಇನ್‌ಸ್ಪೆಕ್ಟರ್ “ಬೇಗ ಮುಗಿಸ್ತೀನಿ ಸರ್” ಎಂದರು. ಬೇಗ ಮುಗಿಯಲಿಲ್ಲ.

ಮರುದಿನ ಅವರು ಕಾನ್‌ಸ್ಟೇಬಲ್ ಒಬ್ಬನನ್ನು ಕರೆದುಕೊಂಡು ಕಾರ್ಖಾನೆಗೆ ಹೋದರು. ಯಾವ ಕೆಲಸವನ್ನೂ ಅವಸರದಲ್ಲಿ ಮಾಡದ ಆತನಿಗೆ ಠಾಣೆಯಲ್ಲಿ ನಿಧಾನಪ್ಪ ಎಂದೇ ಹೆಸರು. ಕಾರ್ಖಾನೆಯ ಎಚ್‌ಆರ್ ಮುಖ್ಯಸ್ಥ ಗಾಜಿನ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲೆ ಚಿತ್ರ ಬೀಳಿಸಿ ವಿವರಿಸತೊಡಗಿದ. ಗುರಿ ಮುಟ್ಟಿದ್ದಕ್ಕೆ ನೂರಕ್ಕೆ ನಲವತ್ತು, ಕೆಲಸದ ಗುಣಮಟ್ಟಕ್ಕೆ ಐವತ್ತು, ಜೊತೆಯವರ ಅಭಿಪ್ರಾಯಕ್ಕೆ ಹತ್ತು, ಮೂರನ್ನೂ ತುಂಬುವುದು ವಿಭಾಗದ ಮುಖ್ಯಸ್ಥರು. ಎಲ್ಲ ಕೂಡಿಸಿದ ಮೇಲೆ ಇಡೀ ವಿಭಾಗದ ಅಂಕಗಳು ಗಂಟೆಯ ಆಕಾರದಲ್ಲಿ ಬರಬೇಕು: ಮೇಲೆ ಒಬ್ಬರು, ಕೆಳಗೆ ಒಬ್ಬರು, ಉಳಿದವರು ನಡುವೆ.

“ಬರದಿದ್ರೆ?”

“ಸಿಸ್ಟಮ್ ಒಪ್ಪಲ್ಲ ಮೇಡಂ. ವಾಪಸ್ ಕಳಿಸುತ್ತೆ.”

“ವಿಭಾಗದ ಎಂಟು ಜನರೂ ಚೆನ್ನಾಗಿ ಕೆಲಸ ಮಾಡಿದ್ರೆ?”

“ಹಾಗೆ ಆಗಲ್ಲ.”

“ಆದ್ರೆ?”

“ಸಿಸ್ಟಮ್ ಒಪ್ಪಲ್ಲ.”

“ಈ ನಿಯಮ ಮಾಡಿದ್ದು ಯಾರು?”

“ಅದು ಸಿಸ್ಟಮ್‌ನಲ್ಲೇ ಇದೆ ಮೇಡಂ.”

“ಗಂಟೆ ಇದೆ ಸರಿ. ಬೆಕ್ಕಿನ ಕೊರಳಿಗೆ ಅದನ್ನ ಕಟ್ಟಿದ ಪುಣ್ಯಾತ್ಮ ಯಾರು?”

ಆತ ಮುಂದಿನ ಚಿತ್ರಕ್ಕೆ ಹೋದ. ಪರದೆಯಲ್ಲಿ ಎರಡು ದಿನಾಂಕ ತೋರಿಸಿದ. ಬ್ರೇಕ್ ವಿಭಾಗದ ಅಂಕಗಳು ಮಾರ್ಚ್ ಇಪ್ಪತ್ತೈದರ ಸಂಜೆ ಮೊದಲು ಬಂದಿದ್ದವು. ಕೊನೆಯ ದರ್ಜೆಯಲ್ಲಿ ಯಾರೂ ಇಲ್ಲವೆಂದು ಸಾಫ್ಟ್‌ವೇರ್ ಅವನ್ನು ತಿರಸ್ಕರಿಸಿತ್ತು. ಇಪ್ಪತ್ತಾರರ ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ ತಿದ್ದಿದ ಅಂಕಗಳು ಬಂದವು. ಬಂದದ್ದು ವಿಭಾಗದ ಮುಖ್ಯಸ್ಥರದೇ ಲಾಗಿನ್‌ನಿಂದ.

“ಅಂದ್ರೆ ಅವರೇ ಕೊಟ್ಟು ಅವರೇ ಕಿತ್ಕೊಂಡಿದ್ದಾರೆ. ಈಗ ಹೆಣ್ಣುಮಗಳ ಮುಂದೆ ಒಳ್ಳೆಯವರಾಗೋಕೆ ನಾಟಕ. ನಮ್ಮ ಕಡೆಯಿಂದ ವಿಷಯ ಮುಗಿದಿದೆ” ಎಂದ ಎಚ್‌ಆರ್ ಮುಖ್ಯಸ್ಥ.

ಅದೇ ದಿನ ವಿಭಾಗದ ಮುಖ್ಯಸ್ಥರನ್ನು ಠಾಣೆಗೆ ಕರೆಸಲಾಯಿತು.

“ಇಪ್ಪತ್ತಾರನೇ ತಾರೀಖು ಮೂರು ಗಂಟೆಗೆ ಎಲ್ಲಿದ್ರಿ?”

“ಕಣ್ಣಾಸ್ಪತ್ರೆಯಲ್ಲಿ. ಎರಡು ಗಂಟೆಗೆ ಪೊರೆ ತೆಗೆದ್ರು. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು.”

“ನಿಮ್ಮ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

“ಹಾಗಾದ್ರೆ ಪಟ್ಟಿ ಕಟ್ಕೊಂಡೇ ತಿದ್ದಿರಬೇಕು.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ದೂರುದಾರಳಿಗೆ ಈ ಪ್ರಶ್ನೋತ್ತರ ಕೇಳಿಸಿತ್ತು. ಮುಖ್ಯಸ್ಥರು ಹೊರಬಂದಾಗ ಆಕೆ, “ಸರ್, ನೀವಂತೂ ಅಲ್ಲ ಅಲ್ವಾ?” ಎಂದಳು. ಅವರು “ಅಲ್ಲಮ್ಮ” ಎಂದರು. ಆದರೂ ಆ ದಿನ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಹೋದರು.

ಆಸ್ಪತ್ರೆಯ ದಾಖಲೆ ಅವರ ಮಾತನ್ನು ಖಚಿತಪಡಿಸಿತು. ಕಾರ್ಖಾನೆಯ ಕಂಪ್ಯೂಟರ್ ವಿಭಾಗ ತಿದ್ದುಪಡಿ ನಡೆದ ಯಂತ್ರವನ್ನು ಗುರುತಿಸಿತು: ಬ್ರೇಕ್ ವಿಭಾಗದ ಮೂಲೆಯಲ್ಲಿ, ಪರೀಕ್ಷೆಯ ವರದಿ ಬರೆಯಲು ಎಲ್ಲರೂ ಬಳಸುವ ಕಂಪ್ಯೂಟರು. ಇನ್‌ಸ್ಪೆಕ್ಟರ್ ಅದನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಪಂಚರಿಬ್ಬರು ಕ್ಯಾಂಟೀನಿನವರು, ಸಾಫ್ಟ್‌ವೇರ್ ಎಂದರೆ ಯಾವ ಭಾಗವೆಂದು ಕೇಳಿ, ಕೀಬೋರ್ಡಿಗೂ ಬೇರೆ ಚೀಟಿ ಅಂಟಿಸಿ ಸಹಿ ಹಾಕಿದರು.

ಕೋಣೆಯಲ್ಲಿ ಬೆಂಚುಗಳ ಮೇಲೆ ಬ್ರೇಕಿನ ಉಕ್ಕಿನ ಬಿಲ್ಲೆಗಳು, ಅಳತೆಯ ಗೇಜುಗಳು, ಎಣ್ಣೆ ಬಟ್ಟೆಗಳು. ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದ್ದಾಯಿತು. ಆ ಹೊತ್ತಿಗೆ ಕಂಪ್ಯೂಟರ್ ಮುಂದೆ ಯಾರಿದ್ದರು ಎಂದರೆ ಒಬ್ಬರಿಗೂ ನೆನಪಿಲ್ಲ. ಮುಖ್ಯಸ್ಥರ ಸಹಾಯಕ ಮಾತ್ರ ಚೆನ್ನಾಗಿ ಮಾತಾಡಿದ. ನಲವತ್ತರ ಆಸುಪಾಸಿನ ಮೆತ್ತನೆ ಮನುಷ್ಯ. ದೂರುದಾರಳು ಅವನನ್ನು ‘ತಮ್ಮ’ ಎಂದು ಕರೆಯುತ್ತಿದ್ದುದರಿಂದ ಇಡೀ ವಿಭಾಗಕ್ಕೆ ಆತ ತಮ್ಮನೇ.

“ಅಕ್ಕನಂಥ ಕೆಲಸದವರು ಈ ಊರಲ್ಲೇ ಇಲ್ಲ ಮೇಡಂ. ನನಗೆ ಕೆಲಸ ಕಲಿಸಿದ್ದೇ ಅವರು” ಎಂದ ತಮ್ಮ. ನಿಧಾನಪ್ಪ ಅದನ್ನೂ ಬರೆದುಕೊಂಡ.

ಅಂಕಗಳನ್ನು ಯಾರು ಎಲ್ಲೆಲ್ಲಿ ತಿದ್ದಿದರೆಂಬ ಪೂರ್ತಿ ದಾಖಲೆ ಇದ್ದದ್ದು ಸಾಫ್ಟ್‌ವೇರ್ ನಡೆಸುವ ಕಂಪನಿಯ ಬಳಿ. ಎಚ್‌ಆರ್ ಮುಖ್ಯಸ್ಥ ಬೇರೆ ನೌಕರರ ಅಂಕಗಳನ್ನು ತೋರಿಸಲು ಒಪ್ಪಲಿಲ್ಲ, ಗೌಪ್ಯವಂತೆ. ಇನ್‌ಸ್ಪೆಕ್ಟರ್ ಆ ಕಂಪನಿಗೇ ಅಧಿಕೃತ ಪತ್ರ ಬರೆದು, ದೂರುದಾರಳ ಅಂಕದ ಬದಲಾವಣೆಯ ವಿವರ ಕೇಳಿದರು. ಉತ್ತರವಾಗಿ ಒಂದು ಸಂಖ್ಯೆ, ಒಂದು ಸಾಲು ಬಂತು: ನಿಮ್ಮ ಮನವಿ ದಾಖಲಾಗಿದೆ. ಎರಡು ದಿನ ಬಿಟ್ಟು ಇನ್ನೊಂದು ಬಂತು: ನಿಮ್ಮ ಮನವಿಯನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ. ಪರಿಹಾರವೇನೆಂದು ಮಾತ್ರ ಎಲ್ಲೂ ಇರಲಿಲ್ಲ. ಮತ್ತೆ ಬರೆದರು. ಮತ್ತೆ ಮುಕ್ತಾಯವಾಯಿತು. ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ದನಿ. ಎಲ್ಲ ಒತ್ತಿದ ಮೇಲೆ ಸಂಗೀತ. ಮೂರನೇ ಪತ್ರವೂ ಹಾಗೇ ಮುಚ್ಚಿಹೋದ ದಿನ ಇನ್‌ಸ್ಪೆಕ್ಟರ್ ರಿಸೀವರನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೊರಗೆ ಹೋಗಿ, ಅಂಗಳದಲ್ಲಿ ಜಪ್ತಿ ವಾಹನಗಳ ಸುತ್ತ ಎರಡು ಸುತ್ತು ಹಾಕಿ ಬಂದರು.

“ಕಳ್ಳನ್ನ ಹಿಡೀಬಹುದು ನಿಧಾನಪ್ಪ. ಮನುಷ್ಯರೇ ಇಲ್ಲದ ಆಫೀಸನ್ನ ಯಾವ ಕೈಕೋಳ ಹಾಕಿ ಹಿಡಿಯೋದು?”

ನಿಧಾನಪ್ಪ ಪರದೆ ನೋಡುತ್ತ ಕೂತಿದ್ದ. “ಮೇಡಂ, ಪ್ರತಿ ಸಲ ಮುಚ್ಚಿದಾಗ್ಲೂ ಕೆಳಗೆ ಒಂದು ಪ್ರಶ್ನೆ ಕೇಳ್ತಾರೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡ್ತೀರಿ ಅಂತ.”

“ಅದನ್ನ ಯಾರು ನೋಡ್ತಾರೆ?”

“ಗೊತ್ತಿಲ್ಲ. ಒಂದು ಕೊಟ್ಟು ನೋಡ್ಲಾ?”

“ಸೊನ್ನೆ ಕೊಡು.”

“ಸೊನ್ನೆ ಇಲ್ಲ ಮೇಡಂ. ಒಂದರಿಂದ ಶುರು.”

ಆತ ಒಂದು ನಕ್ಷತ್ರ ಒತ್ತಿದ. ಮುಕ್ಕಾಲು ಗಂಟೆಯೊಳಗೆ ಠಾಣೆಯ ಫೋನು ರಿಂಗಾಯಿತು. ಆ ಕಡೆ ಒಬ್ಬ ಹೆಣ್ಣುಮಗಳು, ಉಸಿರು ಬಿಗಿಹಿಡಿದ ದನಿ. “ಸರ್, ನಮ್ಮಿಂದ ಏನು ಲೋಪವಾಗಿದೆ ದಯವಿಟ್ಟು ಹೇಳಿ. ಒಂದು ನಕ್ಷತ್ರ ಬಂದ್ರೆ ನನ್ನ ಈ ತಿಂಗಳ ಅಂಕ ಹೋಗುತ್ತೆ.”

ಇನ್‌ಸ್ಪೆಕ್ಟರ್ ಫೋನು ಕೈಗೆ ತೆಗೆದುಕೊಂಡು, ಮೂರು ಪತ್ರಗಳ ವಿಷಯ ಹೇಳಿದರು. ಆಕೆ ಮೇಲಿನವರ ಒಪ್ಪಿಗೆ ಪಡೆದು ಸಂಜೆ ಮತ್ತೆ ಕರೆ ಮಾಡಿದಳು.

“ಮೇಡಂ, ನೀವು ಒಬ್ಬರ ದಾಖಲೆ ಮಾತ್ರ ಕೇಳಿದ್ದೀರಿ. ಆದರೆ ಆವತ್ತು ಮೂರು ಐದಕ್ಕೆ ಬದಲಾಗಿರೋದು ಇಬ್ಬರ ಅಂಕ.”

“ಇಬ್ಬರದ್ದಾ?”

“ಹೌದು. ಒಬ್ಬರದು ನಾಲ್ಕು ಪಾಯಿಂಟ್ ಎರಡರಿಂದ ಒಂದು ಪಾಯಿಂಟ್ ನಾಲ್ಕಕ್ಕೆ ಇಳಿದಿದೆ. ಇನ್ನೊಬ್ಬರದು ಎರಡು ಪಾಯಿಂಟ್ ಎಂಟರಿಂದ ನಾಲ್ಕು ಪಾಯಿಂಟ್ ಎರಡಕ್ಕೆ ಏರಿದೆ.”

ಏರಿದವನು ತಮ್ಮ.

ಇನ್‌ಸ್ಪೆಕ್ಟರ್ ಬೆಳಗಿನವರೆಗೆ ಕಾಯದೆ ವಿಭಾಗದ ಮುಖ್ಯಸ್ಥರ ಮನೆಗೆ ಹೋದರು. ಅವರ ಹೆಂಡತಿ ಕಣ್ಣಿಗೆ ಔಷಧಿಯ ಹನಿ ಬಿಡುತ್ತಿದ್ದರು. ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರು. “ಪಾಸ್‌ವರ್ಡ್ ತಮ್ಮನಿಗೆ ಕೊಟ್ಟಿದ್ರಾ?”

ಹಿರಿಯರ ಬದಲು ಹೆಂಡತಿ ಮಾತಾಡಿದರು. “ಇವರಿಗೆ ಆರು ತಿಂಗಳಿಂದ ಅಕ್ಷರ ಕಾಣ್ತಿರಲಿಲ್ಲ. ಹೇಳಿದ್ರೆ ಕೆಲಸಕ್ಕೆ ಅಯೋಗ್ಯ ಅಂತ ಬರೀತಾರೆ ಅಂತ ಮುಚ್ಚಿಟ್ರು. ತಮ್ಮನೇ ಓದಿ ಹೇಳ್ತಿದ್ದ, ಇವರು ಹೇಳಿದ್ದನ್ನ ಅವನೇ ಟೈಪ್ ಮಾಡ್ತಿದ್ದ.”

“ಇದನ್ನ ಮೊದಲೇ ಹೇಳಬಾರದಿತ್ತಾ? ನಿಮ್ಮನ್ನ ನಂಬ್ಕೊಂಡು ಬಂದ ಹೆಣ್ಣುಮಗಳು ನಿಮ್ಮ ಮೇಲೇ ಸಂಶಯ ಪಟ್ಳು.”

“ಪಾಸ್‌ವರ್ಡ್ ಕೊಟ್ಟರೆ ಕೆಲಸದಿಂದ ತೆಗೀತಾರೆ ಮೇಡಂ. ನಿವೃತ್ತಿಗೆ ಇನ್ನೊಂದು ವರ್ಷ ಇದೆ. ಹೆದರಿದೆ.”

ಏಪ್ರಿಲ್ ಇಪ್ಪತ್ತೆಂಟರ ಬೆಳಗ್ಗೆ ಪಾಳಿ ಶುರುವಾಗುವ ಮೊದಲೇ ತಮ್ಮನನ್ನು ಕಾರ್ಖಾನೆಯ ಗೇಟಿನ ಬಳಿ ವಶಕ್ಕೆ ಪಡೆಯಲಾಯಿತು. ಆತ ಓಡಲಿಲ್ಲ, ವಾದಿಸಲೂ ಇಲ್ಲ. ಠಾಣೆಯಲ್ಲಿ ನೀರು ಕುಡಿದು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

“ಏನಾಯ್ತು ಆವತ್ತು?”

“ಮಧ್ಯಾಹ್ನ ಎರಡಕ್ಕೆ ಅಂಕ ವಾಪಸ್ ಬಂತು. ಕೊನೆ ದರ್ಜೆಗೆ ಒಬ್ಬರು ಬೇಕು, ಸಂಜೆ ಆರರೊಳಗೆ ಹಾಕಿ, ಇಲ್ಲದಿದ್ರೆ ಎಲ್ಲರಿಗಿಂತ ಕಡಿಮೆ ಇರೋರನ್ನ ಸಿಸ್ಟಮ್ಮೇ ಕೆಳಗೆ ಹಾಕುತ್ತೆ ಅಂತ. ಕಡಿಮೆ ಇದ್ದದ್ದು ನಾನು. ಸಾಹೇಬರಿಗೆ ಫೋನ್ ಮಾಡಿದೆ, ಆಪರೇಷನ್ ಕೋಣೆಗೆ ಹೋಗಿದ್ರು.”

“ಎಚ್‌ಆರ್‌ಗೆ ಹೇಳಬಹುದಿತ್ತು.”

“ಹೇಳಿದೆ. ಸಾಹೇಬರು ಆಸ್ಪತ್ರೆಲಿದ್ದಾರೆ, ಒಂದು ದಿನ ಟೈಮ್ ಕೊಡಿ ಅಂದೆ. ಸಿಸ್ಟಮ್ ಒಪ್ಪಲ್ಲ ಅಂದ್ರು.”

“ಅಕ್ಕನ್ನೇ ಯಾಕೆ ಇಳಿಸಿದೆ? ಇನ್ನೂ ಆರು ಜನ ಇದ್ರಲ್ಲ.”

ಅಷ್ಟರಲ್ಲಿ ಹೇಳಿಕೆಯ ಮೊದಲ ಹಾಳೆಗೆ ಸಹಿ ಹಾಕೆಂದು ನಿಧಾನಪ್ಪ ಪೆನ್ನು ಕೊಟ್ಟ. ಬಲಗೈ ಎಷ್ಟು ನಡುಗುತ್ತಿತ್ತೆಂದರೆ ಎಡಗೈಯಿಂದ ಮಣಿಕಟ್ಟು ಹಿಡಿದು ಸಹಿ ಹಾಕಬೇಕಾಯಿತು.

“ಹೆದರಬೇಡ, ಇಲ್ಲಿ ಯಾರೂ ಹೊಡೆಯಲ್ಲ” ಎಂದ ನಿಧಾನಪ್ಪ.

“ಹೆದರಿಕೆಯಿಂದಲ್ಲ ಸರ್. ಎರಡು ವರ್ಷದಿಂದ ಹೀಗೇ. ಡಾಕ್ಟ್ರು ನರದ ಕಾಯಿಲೆ ಅಂದಿದ್ದಾರೆ. ಗೇಜು ಹಿಡಿದ್ರೆ ಅಳತೆ ನಿಲ್ಲಲ್ಲ. ಅಕ್ಕಂಗೆ ಗೊತ್ತು. ನನ್ನ ಬೆಂಚಿನ ಬ್ರೇಕುಗಳನ್ನ ಅವರೇ ಇನ್ನೊಂದ್ಸಲ ಅಳೀತಿದ್ರು. ಗುಟ್ಟು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ.”

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. “ನಿನ್ನ ಮಾನ ಕಾಪಾಡಿದೋಳನ್ನೇ ಕೆಳಗೆ ತಳ್ಳಿದೆ.”

“ಹೌದು.”

“ಅವಳ ಅಂಕವನ್ನೂ ಎತ್ಕೊಂಡೆ.”

“ಅದು ಬೇಕು ಅಂತ ಮಾಡಿದ್ದಲ್ಲ ಮೇಡಂ. ಅವರನ್ನ ಇಳಿಸಿದ ಮೇಲೆ ಮೇಲಿನ ದರ್ಜೆ ಖಾಲಿ ಇದೆ, ಒಬ್ಬರನ್ನ ಹಾಕಿ ಅಂತ ಮತ್ತೆ ತಡೀತು. ಬೇರೆಯವರನ್ನ ಹತ್ತಿಸಿದ್ರೆ ಇದು ಹೇಗೆ ಬಂತು ಅಂತ ಅವರು ಕೇಳ್ತಾರೆ. ನನ್ನನ್ನ ಹಾಕ್ಕೊಂಡ್ರೆ ಕೇಳೋರಿರಲ್ಲ.”

ಮಧ್ಯಾಹ್ನ ಎಚ್‌ಆರ್ ಮುಖ್ಯಸ್ಥ ಫೋನ್ ಮಾಡಿದ. ಆರೋಪಿ ಸಿಕ್ಕಿದ್ದು ಸಂತೋಷ, ಬಂಧನದ ಪತ್ರದ ಪ್ರತಿ ಬೇಕೆಂದ. ಯಾಕೆಂದು ಕೇಳಿದಾಗ, ಆಕೆಯ ಅಂಕ ಸರಿಪಡಿಸಿದರೆ ಕೊನೆಯ ದರ್ಜೆ ಖಾಲಿಯಾಗುತ್ತದೆ, ಆ ಜಾಗಕ್ಕೆ ಈತನನ್ನು ಹಾಕಲು ದಾಖಲೆ ಬೇಕು ಎಂದು ಬಿಡಿಸಿ ಹೇಳಿದ. ಆಕೆ ಯಾವಾಗ ಕೆಲಸಕ್ಕೆ ಬರಬಹುದು ಎಂಬುದಕ್ಕೆ ಮಾತ್ರ, ಅದನ್ನು ಮೇಲಿನವರು ತೀರ್ಮಾನಿಸಬೇಕು ಎಂದ. ಇನ್‌ಸ್ಪೆಕ್ಟರ್ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಅರ್ಜಿ ಹಾಕಿ ಕೇಳುವಂತೆ ಹೇಳಿ ಫೋನ್ ಇಟ್ಟರು. ಕೊನೆಯ ದರ್ಜೆಗೆ ಒಬ್ಬರು ಬೇಕೆನ್ನುವ ನಿಯಮದ ಮೇಲೆ ಹಾಕಲು ಅವರ ಬಳಿ ಯಾವ ಕಲಮೂ ಇರಲಿಲ್ಲ.

ಸುದ್ದಿ ತಿಳಿದು ದೂರುದಾರಳು ಠಾಣೆಗೆ ಬಂದಳು. ಹೆಸರು ಕೇಳಿ ಗೋಡೆಗೆ ಒರಗಿ ನಿಂತಳು. ದೂರು ಹಿಂದಕ್ಕೆ ಪಡೆಯಬಹುದೇನೋ ಎಂದು ನಿಧಾನಪ್ಪ ಅಂದುಕೊಂಡಿದ್ದ. ಆಕೆ ಹಾಗೆ ಕೇಳಲಿಲ್ಲ. ಅವನನ್ನು ನೋಡುವುದೂ ಬೇಡವೆಂದಳು.

ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕರೆದೊಯ್ಯುವಾಗ ಜೀಪಿನಲ್ಲಿ ತಮ್ಮನೇ ಮಾತು ತೆಗೆದ.

“ಮೇಡಂ, ಅಕ್ಕಂಗೆ ಬೇರೆ ಕಡೆ ಕೆಲಸ ಸಿಕ್ತಾ?”

“ಇಲ್ಲ. ಹೋದ ಕಡೆಯೆಲ್ಲ ಹಳೇ ಕಂಪನಿಯ ಅಂಕ ಕೇಳಿದ್ದಾರೆ. ಹೇಳಿದ ಕೂಡಲೆ ಎದ್ದು ಬಾಗಿಲು ತೋರಿಸಿದ್ದಾರೆ.”

ಸಿಗ್ನಲ್ಲಿನಲ್ಲಿ ಜೀಪು ನಿಂತಿತು.

“ಅವರ ಕೈ ಗಟ್ಟಿ ಮೇಡಂ. ಅಂಥ ಕೈಗೆ ಎಲ್ಲಿ ಹೋದ್ರೂ ಕೆಲಸ ಇದೆ, ನನ್ನ ಕೈಗೆ ಎಲ್ಲೂ ಇಲ್ಲ ಅಂದ್ಕೊಂಡೆ. ಉಳಿದ ಆರು ಜನರ ಬಗ್ಗೆ ನನಗೆ ಅಷ್ಟು ಧೈರ್ಯ ಇರಲಿಲ್ಲ. ಅದಕ್ಕೇ ಅವರನ್ನ ಹಾಕಿದೆ.”

ಹಸಿರು ದೀಪ ಬಂತು. ನಿಧಾನಪ್ಪ ಗೇರು ಹಾಕಿದ.