ಓದದೆ ಅಳೆದ ಸಾಲು

ಔಷಧಿ ಅಂಗಡಿಯ ಯಜಮಾನರು ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಬಂದು ಕಾಯುತ್ತಿದ್ದರು. ಕಂಕುಳಲ್ಲಿ ಅಂಗೈಯಗಲದ ಬಿಲ್ ಪ್ರಿಂಟರ್, ಮುಷ್ಟಿಯಲ್ಲಿ ಸುರುಳಿಗಟ್ಟಿದ ಬಿಲ್ಲುಗಳು.

“ಮೆಷಿನ್ ಕೆಟ್ಟಿಲ್ಲ ತಾಯಿ. ಕೆಟ್ಟಿದ್ರೆ ಬೈದು, ಇಟ್ಟು ಹೋಗ್ತಿದ್ದೆ. ಇದು ಮಾತಾಡೋಕೆ ಶುರು ಮಾಡಿದೆ.”

ಇಂಜಿನಿಯರ್ ಒಂದು ಬಿಲ್ಲನ್ನು ಬಿಡಿಸಿ ಬೆಂಚಿನ ದೀಪದ ಕೆಳಗೆ ಹಿಡಿದಳು. ಮಾತ್ರೆಗಳ ಹೆಸರು, ಮೊತ್ತ, ಧನ್ಯವಾದ. ಧನ್ಯವಾದದ ಕೆಳಗೆ ಇನ್ನೊಂದು ಸಾಲು.

ಊಟ ಆಯ್ತಾ?

“ಬ್ಯಾಟರಿ ಇಳಿದಾಗಲೆಲ್ಲ ಇದೇ ಪ್ರಶ್ನೆ. ಊಟದ ಮೇಲಿನ ಮಾತ್ರೆಗೆ ಪರವಾಗಿಲ್ಲ. ಊಟಕ್ಕೆ ಮುಂಚಿನ ಮಾತ್ರೆಯವರು ಬಂದು, ಈಗ ತಿಂದು ನುಂಗ್ಬೇಕೋ ನುಂಗಿ ತಿನ್ಬೇಕೋ ಅಂತ ನನ್ನ ತಲೆ ತಿಂತಾರೆ.”

ಇದು ನಗಬೇಕಾದ ಜಾಗ ಎಂದು ಅವಳಿಗೆ ಗೊತ್ತಾಯಿತು. ನಗು ಬರಲಿಲ್ಲ. ಕಣ್ಣು ತಾನಾಗಿ ಸಾಲಿನ ಎರಡು ತುದಿಗಳಿಗೆ ಹೋಯಿತು. ಎಡಗಡೆ ಎಷ್ಟು ಕಪ್ಪೋ ಬಲಗಡೆಯೂ ಅಷ್ಟೇ ಕಪ್ಪು. ಒಳ್ಳೆಯ ಮುದ್ರಣ.

ಹಿಂದೆ ನಿಂತಿದ್ದ ಮ್ಯಾನೇಜರ್ ಹಣೆ ಒತ್ತಿಕೊಂಡರು. “ಬಸ್ಸಿನಲ್ಲಿ, ಪಾರ್ಸಲ್ ವ್ಯಾನಿನಲ್ಲಿ, ಎಲ್ಲ ಕಡೆ ಇದೇ ಮೆಷಿನ್ ಇದೆ. ಊರೆಲ್ಲ ಊಟ ವಿಚಾರಿಸ್ಕೊಂಡು ತಿರುಗ್ತಿದೆ ನಮ್ಮ ಕಂಪನಿ. ಯಾರ ಕೆಲಸ ಇದು?”

“ನಂದು,” ಎಂದು ಪಕ್ಕದ ಬೆಂಚಿನಿಂದ ದನಿ ಬಂತು. “ಟೆಸ್ಟ್ ಮಾಡೋಕೆ ಹಾಕಿದ್ದ ಸಾಲು. ತೆಗೆಯೋದು ಮರೆತೆ.”

ಪ್ರಿಂಟರಿನೊಳಗಿನ ಕೋಡ್ ಬರೆಯುವವನು ಅವನು. ಹಿಂದೊಮ್ಮೆ ಕೋಡಿನಲ್ಲಿ ಒಂದು ಅಲ್ಪವಿರಾಮ ಬಿಟ್ಟು ಇಡೀ ಫ್ಯಾಕ್ಟರಿ ನಿಲ್ಲಿಸಿದ್ದನಂತೆ. ಅಂದಿನಿಂದ ಎಲ್ಲರ ಬಾಯಲ್ಲೂ ಅಲ್ಪವಿರಾಮ. ಅವನಿಗೂ ಒಗ್ಗಿಹೋಗಿತ್ತು. ಫೋನ್ ಎತ್ತಿದರೆ “ಅಲ್ಪವಿರಾಮ ಮಾತಾಡ್ತಿದೀನಿ” ಎನ್ನುತ್ತಿದ್ದ. ಅವಳಿಗೂ ಒಂದು ಹೆಸರಿತ್ತು, ಫ್ಯೂಸ್. ಮಾತುಮಾತಿಗೆ ಸಿಟ್ಟು ಬರುತ್ತಿದ್ದ ಕಾಲದ್ದು. ಅಮ್ಮ ಹೋದ ಮೇಲೆ ಆ ಹೆಸರನ್ನು ಯಾರೂ ಕರೆಯಲಿಲ್ಲ. ಕರೆಯುವ ಸಂದರ್ಭವೇ ಬರಲಿಲ್ಲ.

“ಮಾರಾಟಕ್ಕೆ ಹೋಗೋ ಮುಂಚೆ ಸ್ಯಾಂಪಲ್ ಪಾಸ್ ಮಾಡಿದ್ದು ಯಾರು?” ಮ್ಯಾನೇಜರ್ ಕೇಳಿದರು.

“ನಾನು,” ಎಂದಳು.

“ದಿನಾ ನಿಮ್ಮ ಕೈಮೇಲೇ ಹೋಗಿದೆ ಈ ಸಾಲು. ನೋಡಿಲ್ವಾ?”

“ದಿನಾ ಅಳೆದಿದ್ದೀನಿ.”

“ಓದಿಲ್ವಾ?”

ಅವಳು ನಿಜಕ್ಕೂ ಯೋಚಿಸಿದಳು. “ಇಲ್ಲ.”

ಮ್ಯಾನೇಜರ್ ಇಬ್ಬರನ್ನೂ ಒಂದೊಂದು ಸಲ ನೋಡಿ, ವಾರ ಮುಗಿಯುವುದರೊಳಗೆ ಆ ಸಾಲು ಎಲ್ಲ ಮೆಷಿನ್ನಿಂದಲೂ ಹೋಗಿರಬೇಕು ಎಂದು ಹೇಳಿ, ಅಂಗಡಿಯ ಯಜಮಾನರನ್ನು ಕಾಫಿಗೆ ಕರೆದುಕೊಂಡು ಹೋದರು.

*

ಲ್ಯಾಬಿನ ಹೊರಗಿನ ಗೋಡೆಗೆ ಅವಳ ಎರಡು ಪೇಟೆಂಟುಗಳನ್ನು ಗಾಜು ಹಾಕಿಸಿ ತೂಗುಹಾಕಿದ್ದರು.

ಮೊದಲನೆಯದು ಚಾರ್ಜರಿನದು. ಪೂರ್ತಿ ಇಳಿದುಹೋದ ಬ್ಯಾಟರಿಯನ್ನು ಬೇರೆ ಚಾರ್ಜರುಗಳು ಒಮ್ಮೆ ಮುಟ್ಟಿ ನೋಡಿ, ಸತ್ತಿದೆ ಎಂದು ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತಿದ್ದವು. ಅವಳದು ಅಷ್ಟು ಬೇಗ ತೀರ್ಮಾನ ಮಾಡುತ್ತಿರಲಿಲ್ಲ. ಒಂದೆಳೆಯಷ್ಟು ಕರೆಂಟ್ ಕೊಡುತ್ತಿತ್ತು. ನಿಲ್ಲಿಸುತ್ತಿತ್ತು. ಕಾಯುತ್ತಿತ್ತು. ಕೊಟ್ಟದ್ದು ಒಳಗೆ ನಿಂತಿದ್ದರೆ ಇನ್ನೊಂದೆಳೆ.

ಆ ಪೇಟೆಂಟ್ ಕೈಗೆ ಬಂದ ದಿನ ಅಮ್ಮ ಅದನ್ನು ಗಟ್ಟಿಯಾಗಿ ಓದಿದ್ದಳು. ಬದುಕಿಡೀ ಕಾವ್ಯ ಓದಿದ ಗಂಟಲು; ತರಕಾರಿ ಹೆಚ್ಚುವಾಗಲೂ ಪದ್ಯ, ಬಟ್ಟೆ ಮಡಚುವಾಗಲೂ ಪದ್ಯ. ಮಗಳು ಬಾಗಿಲ ಬಳಿ ಕೂತು ಕೇಳುವುದು. ಕೇಳಿಸಿಕೊಳ್ಳುವುದೂ ಪ್ರಾರ್ಥನೆಯೇ ಎಂದು ಅಮ್ಮನ ನಂಬಿಕೆ. ಪೇಟೆಂಟ್ ಬಂದ ಹೊತ್ತಿಗೆ ಮಾತ್ರ ಅಮ್ಮನ ಶ್ವಾಸಕೋಶ ಸೋತಿತ್ತು. ಪೇಟೆಂಟಿನಲ್ಲಿ ಹಕ್ಕು ಕೇಳುವ ಮಾತು ಎಷ್ಟೇ ಉದ್ದವಿದ್ದರೂ ಒಂದೇ ವಾಕ್ಯವಾಗಿರಬೇಕು. ಪುಟ ತುಂಬ ಒಂದು ವಾಕ್ಯ.

“ಇದನ್ನ ಬರೆದ ಪುಣ್ಯಾತ್ಮ ಉಸಿರು ತಗೊಳ್ಳೋಕೆ ಜಾಗಾನೇ ಇಟ್ಟಿಲ್ವಲ್ಲೇ,” ಎಂದಿದ್ದಳು ಅಮ್ಮ. ಆದರೂ ಬಿಡಲಿಲ್ಲ. ನಾಲ್ಕು ಪದ, ಒಂದು ಉಸಿರು. ಮೂರು ಪದ, ಒಂದು ಉಸಿರು. ಅರ್ಥ ಮುರಿಯದ ಕಡೆ ನಿಂತು, ಮತ್ತೆ ಎತ್ತಿಕೊಂಡು, ಕೊನೆಯ ಅಕ್ಷರವನ್ನೂ ಮೊದಲಿನದರಷ್ಟೇ ಸ್ಪಷ್ಟವಾಗಿ ಮುಟ್ಟಿಸಿದಳು.

ಎರಡನೆಯ ಪೇಟೆಂಟ್ ಅಲ್ಲಿ ಹುಟ್ಟಿತು. ಬಿಲ್ ಪ್ರಿಂಟರು ಕಾಗದವನ್ನು ಬಿಸಿ ಮಾಡಿ ಬರೆಯುತ್ತದೆ. ಸೋತ ಬ್ಯಾಟರಿಯಿಂದ ಒಂದು ಸಾಲನ್ನು ಒಂದೇ ಏಟಿಗೆ ಬರೆಸಿದರೆ ಅಕ್ಷರ ಮಂಕಾಗುತ್ತದೆ. ಅವಳ ಪ್ರಿಂಟರು ಬ್ಯಾಟರಿಯ ತ್ರಾಣ ನೋಡಿ ಸಾಲನ್ನು ತುಂಡು ಮಾಡುತ್ತಿತ್ತು. ಒಂದು ತುಂಡು ಬರೆದು, ಅರೆಗಳಿಗೆ ನಿಂತು, ಇನ್ನೊಂದು ತುಂಡು. ಓದುವವರಿಗೆ ಸಾಲು ಇಡಿಯಾಗಿಯೇ ಕಾಣುತ್ತಿತ್ತು.

ಆ ಪೇಟೆಂಟ್ ಗಾಜಿನೊಳಗೆ ಸೇರುವಷ್ಟರಲ್ಲಿ ಮನೆಯಲ್ಲಿ ಗಟ್ಟಿಯಾಗಿ ಓದುವವರು ಇರಲಿಲ್ಲ.

ಅವಳು ಅಳಲಿಲ್ಲ. ಅಳು ತಡೆದಳು ಎಂದಲ್ಲ. ಅಲ್ಲಿ ತಡೆಯುವಂಥದ್ದು ಏನೂ ಇರಲಿಲ್ಲ. ಒಂದು ಸಲ ಬೆಸುಗೆ ಹಾಕುವ ಬಿಸಿ ಐರನ್ ಬೆರಳಿಗೆ ತಾಗಿದಾಗ ಮೊದಲು ಬಂದದ್ದು ಸುಟ್ಟ ವಾಸನೆ. ಪಕ್ಕದ ಬೆಂಚಿನವನು ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟಿದ್ದ. ನೀರು ತಣ್ಣಗಿತ್ತೋ ಇಲ್ಲವೋ ಅವಳಿಗೆ ನೆನಪಿಲ್ಲ. ಅವನು ನೀರನ್ನು ನೋಡದೆ ಅವಳ ಮುಖವನ್ನೇ ನೋಡುತ್ತಿದ್ದದ್ದು, ರೆಪ್ಪೆ ಬಡಿಯುವುದನ್ನೂ ಮುಂದಕ್ಕೆ ಹಾಕಿದವನಂತೆ, ಅದು ನೆನಪಿದೆ.

*

ಮ್ಯಾನೇಜರ್ ಹೋದ ಮೇಲೆ ಅವಳು ಕುರ್ಚಿ ತಿರುಗಿಸಿದಳು.

“ನನ್ನ ತಮಾಷೆ ಮಾಡೋಕೆ ಹಾಕಿದ್ರಾ?”

“ತಮಾಷೆ ಆಗಿದ್ರೆ ನಗು ಬರೋ ಸಾಲು ಹಾಕ್ತಿದ್ದೆ.”

“ಮತ್ತೆ?”

ಅವನು ಒಂದು ತಂತಿಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿದ. “ದಿನಾ ಮಧ್ಯಾಹ್ನ ಕೇಳ್ತಿದ್ನಲ್ಲ, ಊಟ ಆಯ್ತಾ ಅಂತ. ನೀವು ತಲೆ ಎತ್ತದೆ ಆಯ್ತು ಅಂತಿದ್ರಿ. ಬಾಯಲ್ಲಿ ಕೇಳಿದ್ರೆ ಬಾಯಿ ಉತ್ತರ ಕೊಡುತ್ತೆ ಅನ್ನಿಸ್ತು. ಬೆಳಿಗ್ಗೆ ಶುರು ಮಾಡಿದ ಟೆಸ್ಟ್ ಮೆಷಿನ್ ಬ್ಯಾಟರಿ ಇಳಿಯೋದು ಊಟದ ಹೊತ್ತಿಗೇ. ಅದೇ ಕೇಳಲಿ ಅಂತ ಬಿಟ್ಟೆ. ನೀವು ಕಾಗದ ಹರಿದು ತಗೊಳ್ತೀರಿ, ದೀಪಕ್ಕೆ ಹಿಡೀತೀರಿ. ಕಣ್ಣಿಗೆ ಬೀಳ್ದೇ ಎಲ್ಲಿ ಹೋಗುತ್ತೆ?”

ಅವಳ ಬೆಂಚಿನ ಟೆಸ್ಟ್ ಪ್ರಿಂಟರಿನ ಬಾಯಿಂದ ನಿನ್ನೆಯ ಕಾಗದ ಇನ್ನೂ ಜೋತಾಡುತ್ತಿತ್ತು. ಸಾಲಿನ ಎರಡು ತುದಿಗೂ ಅವಳದೇ ಪೆನ್ಸಿಲ್ಲಿನ ಟಿಕ್ ಗುರುತು. ಎಡ ಸರಿ, ಬಲ ಸರಿ. ನಡುವೆ ಪ್ರಶ್ನೆ ಹಾಗೇ ಕೂತಿತ್ತು, ಯಾರೂ ಮಾತಾಡಿಸದ ನೆಂಟನ ಹಾಗೆ.

“ನಿಮ್ಮ ಚಾರ್ಜರಿನಿಂದ ಕಲಿತದ್ದು,” ಎಂದ ಅವನು. “ಸ್ವಲ್ಪ ಕೊಡು, ಕೈ ತೆಗಿ, ಕಾಯಿ.”

“ನಾನು ಬ್ಯಾಟರಿ ಅಲ್ಲ.”

“ಅಲ್ಲ. ಬ್ಯಾಟರಿ ಸುಳ್ಳು ಹೇಳಲ್ಲ.”

“ಹೇಳುತ್ತೆ,” ಎಂದಳು. ಇದು ಅವಳಿಗೆ ಗೊತ್ತಿದ್ದ ವಿಷಯ. “ಚಾರ್ಜ್ ಕೊಡ್ತಾ ಕೊಡ್ತಾ ಅಳೆದ್ರೆ ತುಂಬಿದೀನಿ ಅಂತ ಸುಳ್ಳೇ ಹೇಳುತ್ತೆ. ಕೊಡೋದು ನಿಲ್ಸಿ ನೋಡ್ಬೇಕು. ಆಗ ನಿಜ ಗೊತ್ತಾಗೋದು.”

ಅವನ ಬೆರಳಿನ ತಂತಿ ನಿಂತಿತು. ಅವನು ನಕ್ಕ, ಆದರೆ ನಗು ಕಣ್ಣಿನವರೆಗೆ ಹೋಗುವ ದಾರಿಯಲ್ಲಿ ಎಲ್ಲೋ ಇಳಿದುಕೊಂಡಿತು.

“ಹಾಗಾದ್ರೆ ನಿಲ್ಸೋದೇ ಸರಿ. ಹೊಸ ಫ್ಯಾಕ್ಟರಿಗೆ ಕೋಡ್ ಬರೆಯೋರು ಬೇಕು ಅಂತ ಯಾವತ್ತಿಂದಲೋ ಕೇಳ್ತಿದ್ರು. ರೈಲಿನಲ್ಲಿ ಒಂದಿಡೀ ದಿನದ ದಾರಿ. ಸೋಮವಾರ ಬರ್ತೀನಿ ಅಂತ ಹೇಳ್ತೀನಿ.”

“ಇದಕ್ಕೋಸ್ಕರಾನಾ?”

“ಇಷ್ಟು ದಿನ ಬರೆದದ್ದನ್ನ ಓದದೇ ಇರೋರ ಪಕ್ಕದಲ್ಲಿ ಇನ್ನೂ ಏನು ಬರೀಲಿ?” ದನಿಯಲ್ಲಿ ದೂರು ಇರಲಿಲ್ಲ. “ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ನೀವು ಬೇಕಿತ್ತು, ಅಷ್ಟೇ. ಅದನ್ನ ನೇರ ಹೇಳೋ ಬದಲು ಊಟ ವಿಚಾರಿಸ್ತಾ ಕೂತೆ.”

ಅವಳು “ಸರಿ” ಎಂದಳು. ಬೇರೆ ಮಾತಿಗಾಗಿ ಒಳಗೆ ಹುಡುಕಿದಳು, ಸಿಕ್ಕಿದ್ದು ಅದೊಂದೇ.

*

ಸಂಜೆ ಅಕ್ಕನ ಫೋನ್. ಅಕ್ಕ ಯಾವಾಗಲೂ ಏನಾದರೂ ಉಜ್ಜುತ್ತಲೋ ತೊಳೆಯುತ್ತಲೋ ಮಾತಾಡುವವಳು.

“ಬೇಕು ಅಂದ್ನಾ? ಬಾಯಿಬಿಟ್ಟು ಅಂದ್ನಾ?”

“ಹ್ಞೂ.”

“ನೀನೇನಂದೆ?”

“ಸರಿ ಅಂದೆ.”

ಅತ್ತ ಕಡೆ ಪಾತ್ರೆ ಉಜ್ಜುವ ಸದ್ದು ನಿಂತಿತು. “ಸರಿ ಅಂದ್ರೆ ಏನೇ? ಲೈಟ್ ಬಿಲ್ ಕಟ್ಟಿ ಅಂದ್ರೂ ಸರಿ, ಮನಸ್ಸು ಕೊಟ್ರೂ ಸರಿ. ಗೋಡೆಗಾದ್ರೂ ಕಿವಿ ಇರುತ್ತಂತೆ. ನಿನಗೆ ಅದೂ ಇಲ್ಲ.”

“ಏನೂ ಅನ್ಸಲ್ಲ ಅಕ್ಕ. ಅವನು ಹೋಗ್ತಾನೆ ಅಂತ ಗೊತ್ತು. ಗೊತ್ತಿರೋದು ಅಷ್ಟೇ.”

ಅಕ್ಕ ಬೈಯಲಿಲ್ಲ. ಮೆಲ್ಲಗೆ ಕೇಳಿದಳು. “ಅನ್ಸೋದೇ ಇಲ್ಲ ಅಂತಾನೂ ಅನ್ಸಲ್ವಾ?”

ಅದು ಅನ್ನಿಸುತ್ತಿತ್ತು. ಐರನ್ನು ತಾಗಿದ ಬೆರಳಿನಿಂದ ಮೊದಲು ವಾಸನೆ ಬಂದ ಹಾಗೆ, ದೂರದಿಂದ, ಸಣ್ಣ ಭಯವೊಂದು ಬರುತ್ತಿತ್ತು. ಇವನು ರೈಲು ಹತ್ತುತ್ತಾನೆ, ನಾನು ತುದಿಗಳನ್ನು ಅಳೆಯುತ್ತ ಕೂತಿರುತ್ತೇನೆ.

*

ಮರುದಿನದಿಂದ ಅವನು ಕೇಳಲಿಲ್ಲ.

ಕೆಲಸ ಒಪ್ಪಿಸುತ್ತಿದ್ದ, ಕೋಡ್ ವಿವರಿಸುತ್ತಿದ್ದ, “ಈ ಸ್ಕ್ರೂಡ್ರೈವರ್ ನಿಮ್ಮದೇ, ಯಾವತ್ತೋ ಕದ್ದಿದ್ದೆ” ಎಂದು ವಾಪಸು ಕೊಡುತ್ತಿದ್ದ. ಮಧ್ಯಾಹ್ನ ಆದಾಗ ಮಾತ್ರ ಎದ್ದು ಸುಮ್ಮನೆ ಹೊರಗೆ ಹೋಗುತ್ತಿದ್ದ. ಅವಳ ಬೆನ್ನ ಹಿಂದೆ ಒಂದು ಕ್ಷಣ ಹೆಜ್ಜೆ ನಿಧಾನವಾಗುತ್ತಿತ್ತು. ಆಮೇಲೆ ಬಾಗಿಲು.

ಟೆಸ್ಟ್ ಪ್ರಿಂಟರಿಗೆ ಹೊಸ ಕೋಡ್ ಹಾಕಿದ್ದರು. ಬ್ಯಾಟರಿ ಇಳಿಯಿತು, ಕಾಗದ ಬಂತು, ಕೊನೆಯಲ್ಲಿ ಬರಿಯ ಕಪ್ಪು ಪಟ್ಟಿ. ಅವಳು ಎರಡು ತುದಿ ಅಳೆದಳು. ಸಮ. ನಂತರ, ಯಾಕೆಂದು ತಿಳಿಯದೆ, ಪಟ್ಟಿಯನ್ನು ಓದಲು ನೋಡಿದಳು.

ಶುಕ್ರವಾರ ಔಷಧಿ ಅಂಗಡಿಯ ಯಜಮಾನರು ಫೋನ್ ಮಾಡಿದರು.

“ತಾಯಿ, ಯಾಕೆ ತೆಗೆದ್ರಿ ಅದನ್ನ?”

“ನೀವೇ ಕಂಪ್ಲೇಂಟ್ ಕೊಟ್ಟಿದ್ರಿ.”

“ಕೊಟ್ಟಿದ್ದೆ. ನಮ್ಮಲ್ಲಿಗೆ ಒಬ್ಬ ಅಜ್ಜಿ ಬರ್ತಾರೆ, ಒಂಟಿ. ಬಿಲ್ ಓದಿ, ಆಯ್ತಪ್ಪಾ ಅಂತ ಮೆಷಿನ್‌ಗೆ ಹೇಳಿ ಹೋಗ್ತಿದ್ರು. ಇವತ್ತು ಬಿಲ್ ತಿರುಗಿಸಿ ಮುರುಗಿಸಿ ನೋಡಿದ್ರು. ಇದಕ್ಕೂ ನನ್ನ ಮೇಲೆ ಬೇಜಾರಾಯ್ತಾ ಅಂದ್ರು.”

ಅವಳು ಫೋನ್ ಇಟ್ಟಳು. ಕಿಟಕಿಯಾಚೆ ಬಿಸಿಲು ಪಾರ್ಕಿಂಗಿನ ಕಾರುಗಳ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಒಳಗೆ, ಪಕ್ಕೆಲುಬಿನ ಕೆಳಗೆ, ಏನೋ ಹಿಂಡಿದಂತಾಯಿತು. ದುಃಖವಿರಬೇಕು ಎಂದುಕೊಂಡಳು, ಕೊನೆಗೂ ಬಂತಲ್ಲ ಎಂದು ಕೈ ಇಟ್ಟು ನೋಡಿದಳು.

ದುಃಖವಲ್ಲ. ಹಸಿವು.

ಪಕ್ಕದ ಬೆಂಚಿನಲ್ಲಿ ಅವನು ತನ್ನ ಕಾಫಿ ಕಪ್ಪನ್ನು ಹಳೆಯ ಕಾಗದದಲ್ಲಿ ಸುತ್ತುತ್ತಿದ್ದ. ಅವಳು ಎದ್ದು ಹೋಗಿ ಅವನ ಎದುರು ನಿಂತಳು. ಅವನು ತಲೆ ಎತ್ತಿದ. ಕೇಳಲಿಲ್ಲ.

“ಆಗಿಲ್ಲ,” ಎಂದಳು.

ಅವನು ಕಪ್ಪು ಕೆಳಗಿಟ್ಟ.

“ಊಟ.” ಉಸಿರು ತೆಗೆದುಕೊಂಡಳು. “ಆಗಿಲ್ಲ. ಒಂದು ದಿನಾನೂ ಆಗಿರ್ಲಿಲ್ಲ.” ಮತ್ತೆ ಉಸಿರು. “ಅಮ್ಮ ಹೋದ ಮೇಲೆ... ಇಲ್ಲಿ ಕೂತು... ಮಧ್ಯಾಹ್ನ ಯಾವತ್ತೂ...”

ಅವನು ಅವಳ ವಾಕ್ಯವನ್ನು ಮುಗಿಸಲು ಹೋಗಲಿಲ್ಲ. ತುಂಡು ತುಂಡಿನ ನಡುವೆ ಎಷ್ಟು ಹೊತ್ತು ನಿಲ್ಲಬೇಕೆಂದು ಕೋಡ್ ಬರೆದವನೇ ಅವನು. ಎರಡೂ ಕೈಯನ್ನು ಬೆಂಚಿನ ಮೇಲೆ ಅಗಲವಾಗಿ ಇಟ್ಟುಕೊಂಡು ನಿಂತಿದ್ದ. ನೋಟ ಮಾತ್ರ ಅವಳ ತುಟಿಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ ಹೋಗಿ ಬರುತ್ತಿತ್ತು.

“ನೀನು ಕೇಳೋದು,” ಎಂದಳು, “ಕೇಳಿಸ್ತಿತ್ತು. ಕೇಳಿಸ್ಕೊಳ್ತಿರ್ಲಿಲ್ಲ.” ಉಸಿರು. “ಕೇಳೋದು ನಿಂತ ಮೇಲೆ... ಖಾಲಿ ಆಯ್ತು. ಆಗ ನಿಜದ ಅಳತೆ ಸಿಕ್ತು. ಹೋಗ್ಬೇಡ.”

ಕೊನೆಯ ಪದವೂ ಮೊದಲಿನದರಷ್ಟೇ ಸ್ಪಷ್ಟವಾಗಿತ್ತು.

ಅವನು ಬೆಂಚನ್ನು ಸುತ್ತಿ ಬಂದು, ನಲ್ಲಿಯ ಕೆಳಗೆ ಹಿಡಿದಿದ್ದ ಅದೇ ಕೈಯನ್ನು ಹಿಡಿದುಕೊಂಡ. ಅವನ ಅಂಗೈ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ಗೊತ್ತಾಯಿತು.

“ಕ್ಯಾಂಟೀನ್ ಮುಚ್ಚೋ ಹೊತ್ತು,” ಎಂದ. “ಓಡ್ಬೇಕು.”

ಕ್ಯಾಂಟೀನಿನ ಹೆಂಗಸು ಆಗಲೇ ಮೇಜು ಒರೆಸುತ್ತಿದ್ದಳು. “ಏನ್ ಅಲ್ಪವಿರಾಮ, ಇವತ್ತು ಜೋಡಿ? ಬ್ರೆಡ್ಡು, ತಳದಲ್ಲಿರೋ ಸೂಪು, ಅಷ್ಟೇ ಇರೋದು,” ಎನ್ನುತ್ತ ಎರಡು ಬಟ್ಟಲು ತಂದಿಟ್ಟಳು. ಒಂದು ಚಮಚ ಕಡಿಮೆ ಬಿತ್ತು. ಅವನು ತನ್ನದನ್ನು ಅವಳ ಕಡೆ ಸರಿಸಿದ.

“ಸೋಮವಾರ ಹೋಗ್ತೀಯಾ?”

“ಮೊದಲು ಊಟ ಮಾಡು. ಆಮೇಲೆ ಮ್ಯಾನೇಜರ್ ಹತ್ರ ಹೋಗಿ, ಹೊಸ ಫ್ಯಾಕ್ಟರಿಗೆ ಹೋಗಲ್ಲ ಅಂತ ಹೇಳಿ ಬರ್ತೀನಿ. ನೀನೂ ಬಾ ಜೊತೆಗೆ.”

ಅವಳು ಒಂದು ಚಮಚ ಬಾಯಿಗಿಟ್ಟಳು. ನುಂಗುವ ಮೊದಲೇ ಮುಖ ಕಿವಿಚಿತು. ಎಷ್ಟೋ ಕಾಲದಿಂದ ಯಾವುದಕ್ಕೂ ಕಿವಿಚದ ಮುಖ.

“ಉಪ್ಪು ಜಾಸ್ತಿ ಆಗಿದೆ,” ಎಂದಳು. ದನಿಯಲ್ಲಿ ಸಿಟ್ಟಿತ್ತು.

ಅವನು ಬ್ರೆಡ್ಡು ಮುರಿಯುತ್ತಿದ್ದವನು ಹಾಗೇ ನಿಂತು ಅವಳನ್ನು ನೋಡಿದ. ಈ ಸಲ ನಗು ಕಣ್ಣಿನವರೆಗೂ ಬಂತು.

“ಯಾವಾಗ್ಲೂ ಇಷ್ಟೇ ಇರುತ್ತೆ, ಫ್ಯೂಸ್.”