ದೋಣಿ ಇಲ್ಲದ ಕಾಲುವೆ

ಶೆಡ್ಡಿನ ಬೀಗ ಹಾಕಿದಂತೆಯೇ ಇತ್ತು. ಒಳಗೆ ದೋಣಿ ಇರಲಿಲ್ಲ.

ಬಾಗಿಲು ತೆರೆದ ಓವೈಸ್ ಬಗ್ಗಿ ಮೂಲೆಗಳನ್ನೂ ನೋಡಿದನಂತೆ — ಕಾರಿನಷ್ಟು ಉದ್ದದ ಫೈಬರ್ ದೋಣಿ ಬಕೆಟ್ಟಿನ ಹಿಂದೆ ಅವಿತಿರಬಹುದೇನೋ ಎಂಬಂತೆ. ದೋಣಿಯನ್ನು ಹೊತ್ತು ನಿಲ್ಲುತ್ತಿದ್ದ ಎರಡು ಗಾಲಿಯ ಟ್ರಾಲಿಯೂ ಮಾಯವಾಗಿತ್ತು. ಉಳಿದಿದ್ದವು ಹುಟ್ಟುಗಳು ಮಾತ್ರ. ಒಯ್ದವನಿಗೆ ದೋಣಿ ನಡೆಸುವ ಉದ್ದೇಶವಿರಲಿಲ್ಲ ಎಂಬುದು ಅಲ್ಲಿಗೇ ಸ್ಪಷ್ಟ. ಆದರೆ ಸ್ಪಷ್ಟವಾದದ್ದನ್ನು ಕಾಣುವ ಅಭ್ಯಾಸ ಕಮಲಕೆರೆ ಬಡಾವಣೆಯಲ್ಲಿ ಯಾರಿಗೂ ಇದ್ದಂತಿರಲಿಲ್ಲ.

ಶಿವಾಜಿನಗರದ ನಮ್ಮ ಕಚೇರಿಗೆ ಫೋನ್ ಮಾಡಿದವರು ನೂರುನ್ನೀಸಾ. ರಾಜೇಶ್ವರಿ ಮಾತು ಮುಗಿಸಿ ಫೋನನ್ನು ಮೇಜಿನ ಮೇಲಿಟ್ಟರು.

"ಬೆಂಗಳೂರಲ್ಲಿ ದೋಣಿ ಕಳ್ಳತನ. ಇದೊಂದು ಬಾಕಿ ಇತ್ತು ನೋಡು, ಜಾಫರ್. ಸ್ಕೂಟರ್ ತೆಗಿ."

ಪತ್ತೇದಾರಿಕೆಗೆ ಇಳಿಯುವ ಮೊದಲು ರಾಜೇಶ್ವರಿ ವಾಹನ ವಿಮೆಯ ತನಿಖೆ ಮಾಡುತ್ತಿದ್ದರು. ಹೋದ ವರ್ಷ ಕೆ.ಆರ್. ಪುರದ ಬಳಿಯ ಈ ಬಡಾವಣೆ ನೆರೆಯಲ್ಲಿ ಮುಳುಗಿದಾಗ, ಕೆಸರು ತುಂಬಿದ ಕಾರುಗಳನ್ನು ಒಂದೊಂದಾಗಿ ನೋಡಿ ವರದಿ ಬರೆದವರು ಅವರೇ. ನಾನು ಅವರ ಜೊತೆಗಾರ. ಸ್ಕೂಟರ್ ಓಡಿಸುವುದು, ಅವರು ಮಾತನಾಡಿಸುವಾಗ ಮೌನವಾಗಿರುವುದು ನನ್ನ ಕೆಲಸ.

ಬಡಾವಣೆಯ ಬಾಯಿಗೆ ಅಡ್ಡಲಾಗಿ ಕಂದಕ ತೋಡಿದ್ದರು. ಪೈಪು ಹೂಳಲು ತೋಡಿ, ಪೈಪು ತರುವುದನ್ನು ಮರೆತ ಕಂದಕ. ದಾಟಲು ಒಂದೇ ಒಂದು ಹಲಗೆ. ಕಂದಕದಿಂದ ಈಚೆ, ಎತ್ತರದ ಮುಖ್ಯರಸ್ತೆಯ ಅಂಚಿನಲ್ಲಿ ಬಡಾವಣೆಯ ಕಾರುಗಳೆಲ್ಲ ಸಾಲಾಗಿ ನಿಂತಿದ್ದವು. ನೆರೆಯ ಪಾಠ ಅದು: ಸಂಜೆ ಮೋಡ ಕಟ್ಟಿದರೆ ಸಾಕು, ಕಮಲಕೆರೆಯವರು ಮಕ್ಕಳನ್ನು ಒಳಗೆ ಕರೆಯುವ ಮೊದಲು ಕಾರುಗಳನ್ನು ಮೇಲೆ ತಂದು ನಿಲ್ಲಿಸುತ್ತಾರೆ. ಹಿಂದಿನ ಸಂಜೆ ಮಳೆ ಬಂದಿತ್ತು.

ಸ್ಕೂಟರನ್ನು ಅಲ್ಲೇ ಬಿಟ್ಟು ಹಲಗೆಯ ಮೇಲೆ ನಡೆದು ಇಳಿದೆವು.

ಬಡಾವಣೆಯ ತಗ್ಗಿನ ಕೊನೆಯಲ್ಲಿ ಮಳೆನೀರಿನ ರಾಜಕಾಲುವೆ ತುಂಬಿ ಹರಿಯುತ್ತಿತ್ತು. ಅದರ ಮೇಲಿದ್ದ ಹಳೆಯ ಸೇತುವೆಯನ್ನು ಹೋದ ವರ್ಷದ ನೆರೆ ಕೊಚ್ಚಿಕೊಂಡು ಹೋಗಿತ್ತು. ಹೊಸದಕ್ಕೆ ಅನುಮತಿ ಕೊಡಬೇಕಾದ ಮಂಡಳಿಯ ಅಧಿಕಾರಿ ಬೃಂದಾ ಕಂಟೋನ್ಮೆಂಟಿನ ಕಚೇರಿಯಿಂದ ಬಂದಿದ್ದರು. ಕೊನೆಯ ಮನೆಯ ಮುಂದೆ ಬೆಳ್ಳಿಬಣ್ಣದ ಹೊದಿಕೆ ಹೊದ್ದು ನಿಂತಿದ್ದ ಕಾರಿಗೆ ಅವರು ಒರಗಿದ್ದರು. ಚಹಾದ ಲೋಟ ಅದರ ಬಾನೆಟ್ಟಿನ ಮೇಲಿತ್ತು.

"ನಿಯಮ ಸರಳ ಇದೆ ಮೇಡಂ," ಎಂದರು ಬೃಂದಾ, ಕೈಗಡಿಯಾರ ನೋಡುತ್ತ. "ದೋಣಿ ಓಡಾಡೋ ನೀರಿನ ಮೇಲೆ ಬ್ರಿಡ್ಜ್ ಕಟ್ಟಿದ್ರೆ, ಅದರ ಕೆಳಗೆ ದೋಣಿ, ಜನ ಎರಡೂ ಪಾಸ್ ಆಗ್ಬೇಕು. ಆದ್ರೆ ರಿಜಿಸ್ಟರ್ ಆದ ದೋಣಿನ ಇನ್ಸ್‌ಪೆಕ್ಷನ್ ದಿನ ನೀರಲ್ಲಿ ತೋರಿಸ್ಬೇಕು. ತೋರಿಸಿಲ್ಲ ಅಂದ್ರೆ ಇದು ಬರೀ ಮೋರಿ. ಮೋರಿ ಮೇಲೆ ತಗ್ಗು ಚಪ್ಪಡಿ ಸಾಕು."

"ಹೋದ ವರ್ಷ ಇಲ್ಲಿ ದೋಣಿ ಓಡಿದ್ದನ್ನ ಊರೆಲ್ಲ ನೋಡಿದೆ."

"ಊರು ಸಹಿ ಹಾಕಲ್ಲ, ನಾನು ಹಾಕೋದು. ಮಧ್ಯಾಹ್ನ ಊಟಕ್ಕೆ ಮುಂಚೆ ಹೋಗ್ತೀನಿ."

ಒಂದು ನಾಗರಿಕತೆಯ ಭವಿಷ್ಯವನ್ನು ಊಟದ ಡಬ್ಬಿಗೆ ಕಟ್ಟಿಹಾಕುವ ಈ ಕಲೆಯನ್ನು ನಮ್ಮ ಕಚೇರಿಗಳು ಎಲ್ಲಿ ಕಲಿಯುತ್ತವೋ.

ಎದುರು ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೂರುನ್ನೀಸಾ ಕುಳಿತಿದ್ದರು. ಅವರ ಮೂತ್ರಪಿಂಡಗಳು ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡರೆ ಮಾತ್ರ ಬದುಕು. ನೆರೆಯ ವಾರದಲ್ಲಿ ಆ ದೋಣಿಯೇ ಅವರನ್ನು ಕಾಲುವೆಗುಂಟ ಸಾಗಿಸಿ ಮುಖ್ಯರಸ್ತೆಗೆ ಮುಟ್ಟಿಸಿತ್ತು. ತಗ್ಗು ಚಪ್ಪಡಿ ಬಂದರೆ ಮುಂದಿನ ನೆರೆಯಲ್ಲಿ ದೋಣಿ ಅದಕ್ಕೆ ತಲೆ ಹೊಡೆದು ನಿಲ್ಲುತ್ತದೆ. ನೂರುನ್ನೀಸಾ ಮನೆಯಲ್ಲೇ ಉಳಿಯುತ್ತಾರೆ. ಆಮೇಲೆ ಏನಾಗುತ್ತದೆಂದು ಹೇಳಲು ವೈದ್ಯರೇ ಬೇಕಿಲ್ಲ.

"ಎಲ್ಲಾರೂ ಓವೈಸ್ ಮೇಲೆ ಹೇಳ್ತಾವ್ರೆ ಅಮ್ಮಾ," ಎಂದರು ಅವರು. "ನನ್ನನ್ನ ದೋಣೀಲಿ ಕೂರ್ಸಿ ಹುಟ್ಟು ಹಾಕಿದ್ದು ಅವನೇ. ಅವನು ಕಳ್ಳ ಆದ್ರೆ ನಾನು ಇವತ್ತು ಮಾತಾಡ್ತಾ ಇರ್ತಿದ್ನಾ?"

ಓವೈಸ್ ಹೊಸ ತಿಪ್ಪಸಂದ್ರದಲ್ಲಿ ಬಣ್ಣದ ಮೀನು ಮಾರುವವನು; ಬಡಾವಣೆಯ ದೋಣಿ ನೋಡಿಕೊಳ್ಳುವುದೂ ಅವನೇ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಕೀಲಿ ಯಾರ ಹತ್ರ ಇದೆ?" ರಾಜೇಶ್ವರಿ ಕೇಳಿದರು.

"ಒಂದು ನನ್ನತ್ರ. ಒಂದು ಪ್ರೆಸಿಡೆಂಟ್ ಹತ್ರ."

"ದೋಣಿ ಕೊನೇಲಿ ನೋಡಿದ್ದು?"

"ನಿನ್ನೆ ಮಳೆ ನಿಂತ್ಮೇಲೆ. ಶೆಡ್ ಸೋರುತ್ತೆ ಅಕ್ಕ, ದೋಣಿಯೊಳಗಿನ ನೀರು ತೋಡಿ, ಬೀಗ ಹಾಕ್ಬಿಟ್ಟು ಹೋದೆ."

"ಆಗ ಕಂದಕ ತೋಡಿದ್ರಾ?"

"ತೋಡಿದ್ರು. ಕಾರುಗಳೆಲ್ಲ ಮೇಲೆ ಹೋದ ಕೂಡ್ಲೆ ತೋಡಿದ್ದು. ನನ್ನ ಬೈಕೂ ಆಚೆನೇ ನಿಂತಿತ್ತು."

"ಹೋದ ಗಣೇಶನ ಹಬ್ಬಕ್ಕೆ ದೋಣಿನ ಹಲಸೂರು ಕೆರೆಗೆ ಬಾಡಿಗೆಗೆ ಕೊಟ್ಟವನು ಇವ್ನು," ಎಂದು ನಡುವೆ ಬಂದವನು ಜಗದೀಶ್ — ನಿವಾಸಿಗಳ ಸಂಘದ ಅಧ್ಯಕ್ಷ, ಕೊನೆಯ ಮನೆಯ ಯಜಮಾನ. ಇಸ್ತ್ರಿ ಮಾಡಿದ ಬಿಳಿ ಅಂಗಿ. ದುಃಖವನ್ನೂ ಇಸ್ತ್ರಿ ಮಾಡಿಕೊಂಡೇ ಹೊರಗೆ ಬಂದಂತಿತ್ತು. "ಎತ್ತರದ ಸೇತುವೆ ಬೇಕು ಅಂತ ಮೊದಲು ಅರ್ಜಿ ಹಾಕ್ದೋನು ನಾನು ಮೇಡಂ. ನಂಗೆ ಹೊಟ್ಟೆ ಉರಿಯಲ್ವಾ?"

"ಬಾಡಿಗೆ ಅಲ್ಲ ಸರ್, ಸುಮ್ನೆ ಕೊಟ್ಟಿದ್ದು," ಎಂದ ಓವೈಸ್. "ನೀವೇ ಹೂಂ ಅಂದಿದ್ರಿ."

"ಎಲ್ಲಾ ಹುಡುಕಿದ್ರಾ?" ರಾಜೇಶ್ವರಿ ಜಗದೀಶನನ್ನು ಕೇಳಿದರು.

"ಬೆಳಗ್ಗಿಂದ ಅದೇ ಕೆಲ್ಸ. ಎಲ್ಲರ ಕಾಂಪೌಂಡು, ಟೆರೇಸು, ಖಾಲಿ ಸೈಟು — ಸಂಪ್ ಮುಚ್ಚಳ ಕೂಡ ತೆಗೆಸಿದೆ."

"ಸಂಪಲ್ಲಿ ದೋಣಿ."

"ಏನೂ ಬಿಡ್ಬಾರ್ದು ಅಂತ."

"ನಿಮ್ಮ ಮನೆ?"

"ಮೊದಲು ನಮ್ಮನೇನೇ ತೋರಿಸ್ದೆ. ನನ್ನಿಂದಾನೇ ಶುರು ಆಗ್ಲಿ ಅಂತ."

ಅಷ್ಟರಲ್ಲಿ ಗುತ್ತಿಗೆದಾರ ದುರ್ಗೇಶ ಎಲೆ ಅಡಿಕೆ ಜಗಿಯುತ್ತ ಬಂದ. ಬಡಾವಣೆಯ ಅರ್ಧ ಜನ ಓವೈಸನನ್ನು ಶಂಕಿಸಿದ್ದರೆ, ಉಳಿದರ್ಧ ಇವನನ್ನು ಶಂಕಿಸಿತ್ತು. ಕಂದಕವೂ ಇವನದೇ. ಅವನನ್ನು ಕಂಡದ್ದೇ ಜಗದೀಶ್ ಉರಿದುಬಿದ್ದ.

"ರೀ ದುರ್ಗೇಶ, ಆ ಗುಂಡಿ ಯಾವಾಗ್ರೀ ಮುಚ್ತೀರ? ನಿನ್ನೆ ಸಂಜೆಯಿಂದ ನನ್ನ ಕಾರು ಮೇಲೇ ನಿಂತಿದೆ. ಯಾರೋ ಕನ್ನಡಿಗೆ ಬೇರೆ ಉಜ್ಜಿಕೊಂಡು ಹೋಗಿದಾರೆ."

"ಪೈಪು ಬರ್ಲಿ ಸಾರ್."

"ಪೈಪು ಬರೋ ಮುಂಚೆ ಗುಂಡಿ ಯಾಕೆ?"

"ಗುಂಡಿ ಇಲ್ದೆ ಪೈಪು ಕಳ್ಸಲ್ಲ ಸಾರ್ ಅವ್ರು."

ಈ ತರ್ಕಕ್ಕೆ ಬೃಂದಾ ತಲೆದೂಗಿದರು. ಇಡೀ ಬೆಳಗಿನಲ್ಲಿ ಅವರಿಗೆ ಅರ್ಥವಾದ ಮೊದಲ ಮಾತು ಅದಾಗಿರಬೇಕು.

ರಾಜೇಶ್ವರಿ ದುರ್ಗೇಶನ ಕಡೆ ತಿರುಗಿದರು. "ತಗ್ಗು ಚಪ್ಪಡಿ ಆದ್ರೆ ನಿಮಗೆ ಲಾಭ ಅಲ್ವಾ?"

ದುರ್ಗೇಶ ನಕ್ಕ. "ಯಾರು ಹೇಳಿದ್ದು ಮೇಡಂ? ಎತ್ತರ ಕಟ್ಟು ಅಂದ್ರೆ ಕಬ್ಬಿಣ ಜಾಸ್ತಿ, ಸಿಮೆಂಟ್ ಜಾಸ್ತಿ, ಬಿಲ್ಲೂ ಜಾಸ್ತಿ. ನಾನ್ಯಾಕೆ ದೋಣಿ ಕದೀಲಿ? ಬೇಕಿದ್ರೆ ಹಡಗು ತಂದು ನಿಲ್ಲಿಸ್ತೀನಿ."

"ಎತ್ತರ ಕಟ್ಟಿದ್ರೆ ರಸ್ತೆ ಏನಾಗುತ್ತೆ?"

"ಇಳಿಜಾರು ಬೇಕಲ್ವಾ? ಆ ಹಳದಿ ಗೆರೆ ನಾನೇ ಎಳೆಸಿದ್ದು, ಹೋದ ವಾರ. ಇಳಿಜಾರು ಅಲ್ಲೀವರ್ಗೂ ಬರುತ್ತೆ."

ಕಾಲುವೆಯ ದಡದಿಂದ ಹೊರಟ ಹಳದಿ ಬಣ್ಣದ ಗೆರೆ ರಸ್ತೆಯ ಬದಿಯಲ್ಲೇ ಬಂದು, ಬೃಂದಾ ಒರಗಿದ್ದ ಕಾರಿನ ಹೊದಿಕೆಯ ಕೆಳಗೆ ತೂರಿ, ಆಚೆ ಬದಿಯಲ್ಲಿ ಹೊರಬಿದ್ದಿತ್ತು. ರಾಜೇಶ್ವರಿ ಆ ಗೆರೆಗುಂಟ ನಿಧಾನವಾಗಿ ನಡೆದರು. ಮತ್ತೆ ತಿರುಗಿ ನೂರುನ್ನೀಸಾರ ಜಗಲಿಗೆ ಹೋದರು.

"ನಿಮ್ಮ ಕಿಟಕಿ ಕಾಲುವೆ ಕಡೆ ಇದೆ. ನೀರಲ್ಲಿ ಏನಾದ್ರೂ ಹೋಯ್ತಾ?"

"ನಂಗೆ ನಿದ್ದೆ ಎಲ್ಲಿ ಬರುತ್ತೆ ಅಮ್ಮಾ? ಕರೆಂಟ್ ಹೋಗಿತ್ತು, ಬೆಳದಿಂಗಳಿತ್ತು. ಒಂದು ಚಪ್ಪಲಿ ತೇಲ್ಕೊಂಡು ಹೋಯ್ತು. ದೋಣಿ ಹೋಗಿಲ್ಲ."

ಬೃಂದಾ ಲೋಟ ಬರಿದು ಮಾಡಿ ಮತ್ತೆ ಬಾನೆಟ್ಟಿನ ಮೇಲಿಟ್ಟರು. "ಆಯ್ತು. ದೋಣಿ ಇಲ್ಲ ಅಂತ ಬರೀತೀನಿ. ಪೆನ್ ಯಾರತ್ರ ಇದೆ?"

ಜಗದೀಶ್ ಕೂಡಲೇ ಜೇಬಿನಿಂದ ಪೆನ್ನು ತೆಗೆದ. ನೂರುನ್ನೀಸಾ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು — ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ್ದ ತೋಳು.

"ಒಂದು ನಿಮಿಷ ಬೃಂದಾ ಅವ್ರೇ," ಎಂದರು ರಾಜೇಶ್ವರಿ. "ಬರೆಯೋ ಮುಂಚೆ ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ. ನೀವು ಒರಗಿರೋದು ಯಾವುದಕ್ಕೆ?"

"ಕಾರಿಗೆ."

"ಯಾರ ಕಾರು?"

ಬೃಂದಾ ಜಗದೀಶನನ್ನು ನೋಡಿದರು. ಜಗದೀಶ್ ಪೆನ್ನನ್ನು ನೋಡಿದ.

"ಇವರ ಮನೆ ಮುಂದೆ ಇದೆ, ಇವರ ಕಾರೇ ಇರ್ಬೇಕು," ಎಂದರು ಬೃಂದಾ.

"ಇವರ ಕಾರು ನಿನ್ನೆ ಸಂಜೆಯಿಂದ ಮೇಲಿದೆ. ಯಾರೋ ಕನ್ನಡಿಗೆ ಉಜ್ಜಿದಾರೆ. ಈಗ ತಾನೇ ಅವರ ಬಾಯಿಂದಾನೇ ಕೇಳಿದ್ರಿ."

ದುರ್ಗೇಶ ಜಗಿಯುವುದನ್ನು ನಿಲ್ಲಿಸಿದ.

"ಅದು — ನಮ್ಮ ನೆಂಟರ ಕಾರು," ಎಂದ ಜಗದೀಶ್. "ಬಿಟ್ಟು ಹೋಗಿದಾರೆ."

"ಇಲ್ಲಿ? ಈ ತಗ್ಗಲ್ಲಿ? ಜಗದೀಶ್ ಅವ್ರೇ, ನಿಮ್ಮ ಹಳೇ ಕಾರಿನ ವರದಿ ಬರೆದೋಳು ನಾನು. ಸ್ಟೇರಿಂಗ್ ಮೇಲೆ ಕಪ್ಪೆ ಕೂತಿತ್ತು. ಮೋಡ ಕಂಡ್ರೆ ಇನ್ಮೇಲೆ ಕಾರು ಕೆಳಗೆ ಬಿಡಲ್ಲ ಅಂತ ತಾಯಿ ಮೇಲೆ ಆಣೆ ಇಟ್ರಿ. ನಿನ್ನೆ ಮಳೆ ಬಂತು. ಈ ಬಡಾವಣೆಯ ಒಂದೊಂದು ಕಾರೂ ಮೇಲೆ ಹೋಯ್ತು — ಕೆಟ್ಟು ನಿಂತಿದ್ದನ್ನೂ ತಳ್ಕೊಂಡು ಹೋಗಿದಾರೆ, ಬರ್ತಾ ನೋಡ್ದೆ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಇದೊಂದು ಮಾತ್ರ ಹಾಯಾಗಿ ಮಲಗಿದೆ. ಕಮಲಕೆರೆಯಲ್ಲಿ ನೀರಿಗೆ ಹೆದರದ ವಾಹನ ಯಾವುದು?"

ಅವರು ಉತ್ತರಕ್ಕೆ ಕಾಯಲಿಲ್ಲ. "ಜಾಫರ್, ಹೊದಿಕೆ ಎಳಿ."

ಎಳೆದೆ. ಚಹಾದ ಲೋಟ ಉರುಳಿ ಒಡೆಯಿತು. ಟ್ರಾಲಿಯ ಮೇಲೆ ದೋಣಿ; ದೋಣಿಯ ಆಸನಗಳ ಮೇಲೆ ಕವುಚಿ ಹಾಕಿದ ಎರಡು ಪ್ಲಾಸ್ಟಿಕ್ ಕುರ್ಚಿಗಳು — ಕಾರಿನ ಛಾವಣಿಯ ಉಬ್ಬು ಕಾಣಲೆಂದು. ಬಾನೆಟ್ಟೆಂದು ಬೃಂದಾ ನಂಬಿದ್ದು ದೋಣಿಯ ಮೂತಿಗೆ ಅಡ್ಡವಿಟ್ಟ ಇಸ್ತ್ರಿ ಹಲಗೆ.

"ಕಂದಕ ದಾಟಿ ಗಾಲಿ ಹೋಗೋ ಹಾಗಿರ್ಲಿಲ್ಲ," ಎಂದರು ರಾಜೇಶ್ವರಿ. "ನೀರಲ್ಲೂ ಹೋಗಿಲ್ಲ. ಅಂದ್ರೆ ದೋಣಿ ಬಡಾವಣೆ ಒಳಗೇ ಇರ್ಬೇಕು. ನೀವೆಲ್ಲ ಮನೆಗಳೊಳಗೆ ಹುಡುಕಿದ್ರಿ, ಅವರೇ ಮುಂದೆ ನಿಂತು ಹುಡುಕಿಸಿದ್ರು. ರಸ್ತೇಲಿ ನೋಡಲಿಲ್ಲ. ಹೊದಿಕೆ ಹಾಕಿದ ಕಾರಂದ್ರೆ ಈ ಊರಲ್ಲಿ ಲೈಟುಕಂಬ ಇದ್ದ ಹಾಗೆ. ಯಾರ ಕಣ್ಣಿಗೂ ಬೀಳಲ್ಲ. ಕೀಲಿ ಇತ್ತು, ಕರೆಂಟ್ ಇರ್ಲಿಲ್ಲ, ಟ್ರಾಲಿ ಎಳೆಯೋಕೆ ಒಬ್ಬ ಸಾಕು. ಆದ್ರೆ ಅಭ್ಯಾಸ ಬಿಡ್ಬೇಕಲ್ಲ? ಮೋಡ ನೋಡಿದ ಕೂಡ್ಲೆ ಕಾರು ಮೇಲೆ ಬಿಟ್ರು. ಅದನ್ನ ಮರೆತು, ಇಲ್ಲಿ ಇನ್ನೊಂದು ಕಾರು ಮಾಡಿಟ್ರು."

"ಆದ್ರೆ ಅರ್ಜಿ ಹಾಕಿದ್ದೇ ಇವ್ರು," ಎಂದ ಓವೈಸ್. ಅವನ ದನಿಯಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು. "ಯಾಕೆ ಸರ್?"

"ಹಳದಿ ಗೆರೆ ನೋಡು," ಎಂದರು ರಾಜೇಶ್ವರಿ. "ಅರ್ಜಿ ಹಾಕಿದ್ದು ಗೆರೆ ಎಳೆಯೋ ಮುಂಚೆ. ಎತ್ತರದ ಸೇತುವೆಗೆ ಇಳಿಜಾರು ಬಂದ್ರೆ ಇವರು ಕಾರು ನಿಲ್ಲಿಸೋ ಜಾಗ ಹೋಗುತ್ತೆ. ಮನೆಯೂ ಅಲ್ಲ, ಗೇಟೂ ಅಲ್ಲ. ಇವರದ್ದೂ ಅಲ್ಲದ, ಊರಿನ ರಸ್ತೆಯ ಒಂದು ತುಂಡು."

ಜಗದೀಶ್ ಬಾಯಿ ತೆರೆದ. "ಹತ್ತು ವರ್ಷದಿಂದ ಅಲ್ಲೇ ನಿಲ್ಲಿಸ್ತಾ ಇದ್ದೀನಿ ಮೇಡಂ. ಬೇರೆ ಎಲ್ಲಿ ನಿಲ್ಲಿಸ್ಲಿ? ನೆರೆ ಏನು ಪ್ರತಿ ವರ್ಷ ಬರುತ್ತಾ?"

"ನಂಗೆ ಡಯಾಲಿಸಿಸ್ ದಿನ ಬಿಟ್ಟು ದಿನ ಬರುತ್ತೆ, ಜಗದೀಶಣ್ಣ," ಎಂದರು ನೂರುನ್ನೀಸಾ ಜಗಲಿಯಿಂದ. ಅವರು ದನಿ ಎತ್ತಲಿಲ್ಲ. ಹೋದ ರಂಜಾನ್ ಹಬ್ಬಕ್ಕೆ ಅವರ ಮನೆಯ ಶ್ಯಾವಿಗೆ ಶೀರ್ ಖುರ್ಮಾ ತಿಂದಿದ್ದ ಮನುಷ್ಯ ನೆಲ ನೋಡಿದ.

ಓವೈಸ್ ಹುಟ್ಟುಗಳನ್ನು ತಂದ. ದೋಣಿ ನೀರಿಗಿಳಿಯಿತು. ನೂರುನ್ನೀಸಾರನ್ನು ಕೈಹಿಡಿದು ಕೂರಿಸಿದೆವು. ಬೃಂದಾ ಅಳತೆ ಕೋಲು ಹಿಡಿದು ದಡಕ್ಕೆ ಬಂದರು. ದೋಣಿಗೆ ಒರಗಿಕೊಂಡು ದೋಣಿ ಇಲ್ಲವೆಂದು ಬರೆಯಲಿದ್ದ ಮುಖದಲ್ಲಿ ಲಜ್ಜೆಯ ಸುಳಿವೂ ಇರಲಿಲ್ಲ. ಅದಕ್ಕೆ ಬಹುಶಃ ಪ್ರತ್ಯೇಕ ಅನುಮತಿ ಬೇಕಾಗಿತ್ತು.

"ಕೂತಿರೋ ಜನಕ್ಕೆ ಎಷ್ಟು ಎತ್ತರ ಬೇಕೋ ಅಷ್ಟು ಅಳೀತೀನಿ," ಎಂದರು.

"ತಡೀರಿ," ಎಂದರು ನೂರುನ್ನೀಸಾ. ಓವೈಸನ ಭುಜ ಹಿಡಿದು, ತುಯ್ದಾಡುವ ದೋಣಿಯಲ್ಲಿ ಮೆಲ್ಲನೆ ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಈಗ ಅಳೀರಿ. ನಾನು ಬಗ್ಗಿ ಹೋಗಲ್ಲ."

ಬೃಂದಾ ಅಳೆದರು. ನಿಂತ ಹೆಂಗಸಿನ ಎತ್ತರಕ್ಕೆ ಸಹಿ ಬಿತ್ತು.

ನಾವು ಹಲಗೆ ದಾಟುವ ಮುನ್ನ ನಾನೊಮ್ಮೆ ತಿರುಗಿ ನೋಡಿದೆ. ಓವೈಸ್ ದೋಣಿಯನ್ನು ದಡಕ್ಕೆ ತರುತ್ತಿದ್ದ. ಜಗದೀಶ್ ಮನೆಯೊಳಗಿಂದ ಎರಡು ಹೂಕುಂಡಗಳನ್ನು ಹೊತ್ತು ತಂದ. ದೋಣಿ ತೆರವು ಮಾಡಿದ ಜಾಗದಲ್ಲಿ, ಹಳದಿ ಗೆರೆಯ ಮೇಲೆಯೇ, ಬೇರೆ ಯಾರೂ ಕಾರು ನಿಲ್ಲಿಸದಂತೆ ಜೋಡಿಸಿಟ್ಟ.