ನಡುವಿನ ದಿಂಬು

“ಮಂಚದ ನಡುವೆ ಒಂದು ಉದ್ದನೆಯ ದಿಂಬಿದೆ. ಅದನ್ನ ಮಾತ್ರ ಹಾಸಿಗೆಯಿಂದ ಆಚೆ ಹಾಕಬೇಡಿ,” ಎಂದು ಬೀಗದಕೈ ಕೊಡುತ್ತಾ ಹೇಳಿದರು ಹೋಟೆಲಿನ ಯಜಮಾನಿ ಬು ಹರ್ತಿನಿ, ಅಂದರೆ ಹರ್ತಿನಿಯಮ್ಮ.

ಕಿನಾಸಿಗೆ ನಗು ತಡೆಯಲಾಗಲಿಲ್ಲ. “ಗಂಡ ಹೆಂಡ್ತಿ ನಡುವೆ ಮೂರನೆಯವರಾ, ಬು? ಅವರಿಗೂ ಬೆಳಗಿನ ತಿಂಡಿ ಕೊಡ್ತೀರಾ?”

“ತಮಾಷೆ ಮಾಡಿ, ಬೇಡ ಅನ್ನಲ್ಲ. ದಿಂಬು ಇದ್ದಲ್ಲೇ ಇರಲಿ.”

ಬು ಹರ್ತಿನಿ ಮುಖದ ತುಂಬ ಪೌಡರು ಬಳಿದುಕೊಂಡು, ಕೂದಲು ಗಂಟು ಹಾಕಿಕೊಂಡು, ಊರಿನವರ ಮನೆಮನೆಯ ಗುಟ್ಟನ್ನು ಬಾಯ್ತುಂಬ ಹೇಳುವ ಹೆಂಗಸು. ಈ ಒಂದು ಮಾತನ್ನು ಮಾತ್ರ ಅವರು ದನಿ ತಗ್ಗಿಸಿ ಹೇಳಿದರು. ಈಗ ಹೋಟೆಲಾಗಿರುವ ಈ ಲೋಜಿ ಕೆಮುನಿಂಗ್ ಬಂಗಲೆಯನ್ನು ಕಟ್ಟಿಸಿದ ಡಚ್ಚರ ತೋಟದ ಸಾಹೇಬ, ಸಾಮಿರಾ ಎಂಬ ಊರ ಹೆಣ್ಣಿನ ಜೊತೆ ಮದುವೆಯಿಲ್ಲದ ಸಂಸಾರ ಮಾಡಿದ್ದನಂತೆ. ಅವನ ದೇಶದಿಂದ ಹಡಗಿನಲ್ಲಿ ಮದುವಣಗಿತ್ತಿ ಬರುವ ಸುದ್ದಿ ಬಂದದ್ದೇ ತಡ, ಸಾಮಿರಾಳನ್ನು ಹಿತ್ತಲಿನ ಅಡುಗೆಮನೆಗೆ ತಳ್ಳಿದನಂತೆ. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಬೂರುಗದ ಹತ್ತಿಗೆ ತನ್ನ ತಲೆಗೂದಲು ಬೆರೆಸಿ, ಬಾಯಲ್ಲೇ ಮಂತ್ರ ಗೊಣಗುತ್ತಾ ಒಂದು ತಬ್ಬುದಿಂಬು ಹೊಲಿದು ಹೊಸ ದಂಪತಿಯ ಮಂಚದ ನಡುವೆ ಇಟ್ಟಳು. ಇದನ್ನು ಹಾಸಿಗೆಯಿಂದ ಹೊರಗೆ ಹಾಕಿದವಳು ನನ್ನ ಒಲೆಯ ಮುಂದೆ ಬಂದು ಕೂರಲಿ, ಇನ್ನೊಬ್ಬಳು ಬಂದು ಬಿಡಿಸುವವರೆಗೂ ಅಲ್ಲಿಂದ ಏಳದಿರಲಿ ಎಂದು ಶಪಿಸಿದಳಂತೆ.

“ಆಮೇಲೆ ಏನಾಯ್ತು?”

“ಮದುವಣಗಿತ್ತಿ ಮೊದಲ ರಾತ್ರೀನೇ ಅದನ್ನ ಕಿಟಕಿಯಿಂದ ಎಸೆದಳು. ಮಾರನೇ ದಿನ ಅವಳನ್ನ ಯಾರೂ ನೋಡಲಿಲ್ಲ. ದಿಂಬು ಮಾತ್ರ ಮಂಚದ ಮೇಲೇ ಇತ್ತು.”

“ಸವತಿ ಕಾಟ ಅಂದ್ರೆ ಇದೇ ಇರಬೇಕು,” ಎಂದು ಕಿನಾಸಿ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಜಗಲಿಯ ಮೆಟ್ಟಿಲು ಹತ್ತಿದಳು.

ಕಿನಾಸಿ ಸೆಮಾರಾಂಗ್ ಪಟ್ಟಣದಲ್ಲಿ ಔಷಧದ ಅಂಗಡಿ ನಡೆಸುವವಳು. ಮಾಟ ತಗುಲಿದೆ, ಮದ್ದು ಹಾಕಿದ್ದಾರೆ ಎಂದು ಬಂದವರಿಗೆ ಹುಳದ ಮಾತ್ರೆ ಕೊಟ್ಟು ಕಳಿಸುವವಳು. ಅವಳು ಈ ಬೆಟ್ಟ ಹತ್ತಿ ಬಂದದ್ದು ಹಳೆಯ ಬಂಗಲೆಯ ಸೊಬಗು ನೋಡುವುದಕ್ಕಲ್ಲ. ಅವಳ ಗಂಡ ಪ್ರಸೋಜೊ ಸಿಗರೇಟು ಕಂಪನಿಗೆ ಹೊಗೆಸೊಪ್ಪು ಆರಿಸಿಕೊಡುವವನು. ಒಂದು ಎಲೆ ಮೂಸಿದರೆ ಸಾಕು, ಅದು ಸುಂಬಿಂಗ್ ಬೆಟ್ಟದ ಯಾವ ಮಗ್ಗುಲಲ್ಲಿ ಬೆಳೆದದ್ದು, ಬೆಳಗಿನ ಬಿಸಿಲು ಕುಡಿದದ್ದೋ ಸಂಜೆಯದೋ ಎಂದು ಹೇಳುವ ಮೂಗು ಅವನದು. ಪ್ರತಿ ಕೊಯ್ಲಿಗೂ ಅವನು ಇದೇ ಹೋಟೆಲಿನ ಇದೇ ಕೊನೆಯ ಕೋಣೆಯಲ್ಲಿ ಇಳಿಯುತ್ತಿದ್ದ. ಇದೇ ಕೋಣೆಯಿಂದ ಅವನ ಮೊದಲ ಹೆಂಡತಿ ರೆಟ್ನೊ ಒಂದು ಬೆಳಗ್ಗೆ ಕಾಣೆಯಾಗಿದ್ದಳು. ಹಿಂದಿನ ರಾತ್ರಿ ಜಗಳವಾಗಿತ್ತು, ಸಿಟ್ಟಿಗೆ ಬಿಟ್ಟುಹೋದಳು ಎಂದು ಅವನು ಹೇಳುತ್ತಿದ್ದ. ಪೊಲೀಸರು ಹುಡುಕಿದರು, ಸಿಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕೋರ್ಟಿನಲ್ಲಿ ತಲಾಕ್ ಆಯಿತು.

ಬಿಟ್ಟುಹೋದವಳ ಕೋಣೆಗೆ ವರ್ಷ ವರ್ಷ ಬಂದು ಮಲಗುವ ಗಂಡನನ್ನು ಯಾವ ಹೆಂಡತಿ ಸಹಿಸಿಯಾಳು? ಅವನ ಬೀರುವಿನಲ್ಲಿ ಸಿಕ್ಕ ಒಂದೇ ಒಂದು ಫೋಟೊವನ್ನು ಕಿನಾಸಿ ಅವನಿಗಿಂತ ಹೆಚ್ಚು ಸಲ ನೋಡಿದ್ದಳು. ರೆಟ್ನೊಳ ಗದ್ದದ ಎಡಕ್ಕಿರುವ ಮಚ್ಚೆ, ಮುಂದಿನ ಹಲ್ಲುಗಳ ನಡುವಿನ ಸಂದು, ಕ್ಯಾಮರಾ ಕಡೆಗೆ ನೋಡದೆ ಫೋಟೊ ತೆಗೆಯುವವನ ಕಡೆಗೇ ನೋಡುವ ಆ ನಗು, ಎಲ್ಲವೂ ಅವಳಿಗೆ ಕಂಠಪಾಠವಾಗಿತ್ತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ಈ ಸಲ ಹಟ ಹಿಡಿದು ಜೊತೆಗೆ ಬಂದಿದ್ದಳು. ಆ ಮಂಚದ ಮೇಲೆ ತಾನು ಒಂದು ರಾತ್ರಿ ಗಂಡನ ಪಕ್ಕ ಮಲಗಿಬಿಟ್ಟರೆ ರೆಟ್ನೊಳ ಋಣ ಹರಿಯುತ್ತದೆ, ಅವನು ಪೂರ್ತಿ ತನ್ನವನಾಗುತ್ತಾನೆ ಎಂದು ನಂಬಿದ್ದಳು. ಯಾವ ಮಾಟವನ್ನೂ ನಂಬದವಳು ಇದೊಂದನ್ನು ಗಟ್ಟಿಯಾಗಿ ನಂಬಿದ್ದಳು.

ಕೋಣೆಯ ಬಾಗಿಲು ತೆರೆದರೆ ತೇಗದ ದೊಡ್ಡ ಮಂಚ, ಇಳಿಬಿಟ್ಟ ಸೊಳ್ಳೆಪರದೆ. ಹೊರಗೆ ರಸ್ತೆಯುದ್ದಕ್ಕೂ ಬಿದಿರ ತಟ್ಟಿಗಳ ಮೇಲೆ ಹೊಗೆಸೊಪ್ಪು ಒಣಗುತ್ತಿತ್ತು, ಅದರ ಸಿಹಿ ಬೆರೆತ ಘಾಟು ಗೋಡೆಗಳಿಗೂ ಹತ್ತಿತ್ತು. ಆ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಅಡಗಿತ್ತು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕಮಟಿದ ವಾಸನೆ. ಮಂಚದ ನಡುವೆ ಆಳುದ್ದದ ಬಿಳಿ ದಿಂಬು ಮಲಗಿತ್ತು. ಅದರ ಮೇಲೆ ಯಾರೋ ಈಗಷ್ಟೇ ಕೈ ತೆಗೆದಂತೆ ಒಂದು ತಗ್ಗಿತ್ತು.

“ಅವಳು ಯಾವ ಕಡೆ ಮಲಗ್ತಿದ್ದಳು, ಮಾಸ್?” ಎಂದು ಕಿನಾಸಿ ಗಂಡನನ್ನು ಕೇಳಿದಳು.

ಹೆಂಡತಿಯನ್ನು ದಿಕ್ ಎಂದೇ ಕರೆಯುವ ಪ್ರಸೋಜೊ ಷೂ ಬಿಚ್ಚುತ್ತಿದ್ದ. “ಶುರು ಮಾಡಿದೆಯಾ, ದಿಕ್.”

“ಕೇಳಿದ್ದಕ್ಕೆ ಹೇಳಿ. ಕಿಟಕಿ ಕಡೆಯಾ, ಗೋಡೆ ಕಡೆಯಾ?”

“ನೆನಪಿಲ್ಲ.”

“ಯಾವತ್ತೋ ಮೂಸಿದ ಸೊಪ್ಪಿನ ವಾಸನೆ ನೆನಪಿರತ್ತೆ. ಇದು ಮಾತ್ರ ಮರೆತುಹೋಯ್ತಾ?”

“ಕಿಟಕಿ ಕಡೆ,” ಎಂದ ಅವನು ಸೋತವನಂತೆ. “ಈಗ ಸಮಾಧಾನ ಆಯ್ತಾ?”

ಆಗಲಿಲ್ಲ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಅಷ್ಟರಲ್ಲಿ ಅಡುಗೆಯ ಹೆಂಗಸು ಶುಂಠಿ ಕಷಾಯ ತಂದಳು. ಅವಳ ಮುಖ ವಿಚಿತ್ರವಾಗಿತ್ತು. ನೋಡುವಾಗ ಎದುರಿಗಿರುತ್ತಿತ್ತು, ಕಣ್ಣು ಆಚೆ ತಿರುಗಿಸಿದರೆ ಮರೆತುಹೋಗುತ್ತಿತ್ತು. ಲೋಟ ಇಡುತ್ತಾ ಅವಳು ದಿಂಬಿನ ಕಡೆ ನೋಡಿದಳು.

“ಯಜಮಾನ್ರು ಪ್ರತಿ ಕೊಯ್ಲಿಗೂ ಇದನ್ನೇ ತಬ್ಬಿಕೊಂಡು ಮಲಗ್ತಾರೆ, ಬು.”

“ನಿನಗೆ ಹೇಗೆ ಗೊತ್ತು?”

“ಬೆಳಗ್ಗೆ ಕಾಫಿ ತರೋಳು ನಾನೇ ಅಲ್ವಾ. ನಿದ್ದೆಗಣ್ಣಲ್ಲಿ ಹೆಸರು ಹಿಡಿದು ಕರೀತಿರ್ತಾರೆ.”

“ಯಾರ ಹೆಸರು?”

ಹೆಂಗಸು ಖಾಲಿ ತಟ್ಟೆ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, “ನಿಮ್ಮ ಹೆಸರಲ್ಲ,” ಎಂದಳು.

ಕಿನಾಸಿಯ ಕಷಾಯ ಲೋಟದಲ್ಲೇ ತಣ್ಣಗಾಯಿತು. ರಾತ್ರಿ ಪ್ರಸೋಜೊ ಏನೂ ಆಗಿಲ್ಲದವನಂತೆ ದಿಂಬನ್ನು ಮಂಚದ ನಡುವೆ ಸರಿಮಾಡಿ, ಆ ಕಡೆ ತಾನು ಮಲಗಿ ನಿದ್ದೆಹೋದ. ಅವಳು ಕಿಟಕಿಯ ಕಡೆ, ರೆಟ್ನೊಳ ಜಾಗದಲ್ಲಿ, ಕಣ್ಣು ಬಿಟ್ಟುಕೊಂಡು ಮಲಗಿದಳು. ಸೂರಿನಲ್ಲೆಲ್ಲೋ ದೊಡ್ಡ ಹಲ್ಲಿಯೊಂದು ತೊಕ್ಕೇ, ತೊಕ್ಕೇ ಎನ್ನುತ್ತಿತ್ತು. ಕೆಮುನಿಂಗ್ ಹೂವಿನ ಕಂಪು ಗಾಳಿಯಲ್ಲಿ ಬಂದು, ಆ ಕಮಟು ಎಣ್ಣೆಯ ವಾಸನೆಯೊಳಗೆ ಮುಳುಗಿಹೋಗುತ್ತಿತ್ತು.

ಮಂಪರು ಹತ್ತಿರಬೇಕು. ಎಚ್ಚರವಾದಾಗ ತಿಂಗಳ ಬೆಳಕು ಪರದೆಯ ಮೇಲೆ ಬಿದ್ದಿತ್ತು. ಪ್ರಸೋಜೊ ದಿಂಬಿನ ಮೇಲೆ ಕಾಲು ಹಾಕಿ, ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು, ಅದರ ತುದಿಯಲ್ಲಿ ಮುಖ ಹುದುಗಿಸಿದ್ದ. ಮದುವೆಯಾದಂದಿನಿಂದ ತನ್ನನ್ನು ಅವನು ಹಾಗೆ ಹಿಡಿದದ್ದನ್ನು ಅವಳು ಕಂಡಿರಲಿಲ್ಲ.

“ಇನ್ನೂ ಸಿಟ್ಟಾ,” ಎಂದ ಅವನು ನಿದ್ದೆಯಲ್ಲಿ. “ರೆಟ್ನೊ. ಇನ್ನೂ ಸಿಟ್ಟಾ?”

ಅವಳ ಮೈಯೆಲ್ಲ ಉರಿದುಹೋಯಿತು. ಎದ್ದು ದಿಂಬನ್ನು ಅವನ ತೋಳಿನಿಂದ ಕಿತ್ತಳು. ಅವನು ಏಳಲಿಲ್ಲ. ಹತ್ತಿ ತುಂಬಿದ ದಿಂಬು ಅಷ್ಟು ಭಾರವಿರಬಾರದಿತ್ತು. ನಿದ್ದೆಹೋದ ಮನುಷ್ಯರನ್ನು ಎಳೆದಂತೆ ಅದು ಎರಡೂ ಕಡೆ ಜೋಲುತ್ತಿತ್ತು. ಬೆಚ್ಚಗಿತ್ತು. ಹೊಲಿಗೆಯ ಸಂದಿನಿಂದ ಹೊರಬಿದ್ದ ಉದ್ದನೆಯ ಕೂದಲು ಅವಳ ಬೆರಳಿಗೆ ಸುತ್ತಿಕೊಂಡಿತು. ಸಿಟ್ಟಿನಲ್ಲಿ ಅದೇನೂ ಅವಳಿಗೆ ಲೆಕ್ಕಕ್ಕೆ ಬರಲಿಲ್ಲ. ಬಾಗಿಲವರೆಗೂ ಎಳೆದು, ಜಗಲಿಗೆ ತಳ್ಳಿ, “ಹೋಗು,” ಎಂದು ಅಗುಳಿ ಹಾಕಿದಳು.

ಮಂಚಕ್ಕೆ ಮರಳಿ ಗಂಡನ ಪಕ್ಕಕ್ಕೆ ಸರಿದಳು. ಈಗ ನಡುವೆ ಯಾರೂ ಇಲ್ಲ ಎಂದುಕೊಂಡಳು. ಕೈ ಚಾಚಿದಳು. ಗಂಡ ಸಿಗಲಿಲ್ಲ. ಇನ್ನಷ್ಟು ಸರಿದಳು. ಸಿಗಲಿಲ್ಲ. ಅವನ ಉಸಿರು ಕೇಳುತ್ತಿತ್ತು, ದೂರದಲ್ಲಿ, ಹಿತ್ತಲಿನಾಚೆ ಎಲ್ಲೋ. ಹಾಸಿಗೆಯ ನಡು ತಾನಾಗಿ ತಗ್ಗಿತು. ಯಾರೋ ಮಲಗಿದರು. ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೂಗಲು ಬಾಯಿ ತೆರೆದಳು. ಬಾಯ್ತುಂಬ ಹತ್ತಿ. ನಾಲಿಗೆಯ ಮೇಲೆ, ಗಂಟಲಲ್ಲಿ, ಮೂಗಿನಲ್ಲಿ ಹತ್ತಿ. ಕೈ ಎತ್ತಲಾಗಲಿಲ್ಲ. ಕೈ ಇರಲಿಲ್ಲ. ಕಿವಿಯ ಬಳಿ ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದು. ಒಂದು ಹೊಲಿಗೆ. ಇನ್ನೊಂದು. ಮೆಲ್ಲನೆ ಗೊಣಗುವ ಹೆಣ್ಣು ದನಿ. ಕತ್ತಲು.

ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಅವಳು ಹಿತ್ತಲಿನ ಅಡುಗೆಮನೆಯ ನೆಲದ ಮೇಲಿದ್ದಳು. ಹಲ್ಲಿನ ಸಂದಿನಲ್ಲಿ ಹತ್ತಿಯ ಎಳೆಗಳಿದ್ದವು. ಕೈಗಳು ಈರುಳ್ಳಿ ನಾರುತ್ತಿದ್ದವು. ಒಲೆಯ ಪಕ್ಕದಲ್ಲಿ ಅಡುಗೆಯ ಹೆಂಗಸು ಕೂತಿದ್ದಳು. ಈಗ ಅವಳ ಮುಖ ಕಣ್ಣಲ್ಲಿ ನಿಂತಿತು. ಗದ್ದದ ಎಡಕ್ಕೆ ಮಚ್ಚೆ. ಹಲ್ಲುಗಳ ನಡುವೆ ಸಂದು.

“ಈಗ ಕಾಣಿಸ್ತಾ?” ಎಂದಳು ರೆಟ್ನೊ. “ನಿನ್ನೆ ಎದುರಿಗೇ ನಿಂತಿದ್ದೆ. ಗೊತ್ತಾಗಲಿಲ್ಲ.”

ಕಿನಾಸಿ ಬಾಯಿಂದ ಹತ್ತಿಯ ಎಳೆಯೊಂದನ್ನು ಎಳೆದುಹಾಕಿದಳು. “ನೀನು ಓಡಿಹೋಗಲಿಲ್ವಾ?”

“ಎಲ್ಲಿಗೆ ಓಡಲಿ? ಅವತ್ತಿನ ಜಗಳದ ಸಿಟ್ಟಿಗೆ ನಾನೂ ಆ ದಿಂಬನ್ನ ಎಸೆದೋಳೇ. ಅವಾಗಿಂದ ಇಲ್ಲೇ ಇದೀನಿ. ನನಗಿಂತ ಮುಂಚೆ ಇದ್ದೋಳು ಒಬ್ಬಳು ಮುದುಕಿ. ನಾನು ಬಂದ ಬೆಳಗ್ಗೆ ಚಾಕು ಕೆಳಗಿಟ್ಟು ಗೇಟು ದಾಟಿ ಹೋದಳು. ಪಾಪ, ಅವಳಿಗೆ ಕಾಯೋರು ಯಾರೂ ಉಳಿದಿರಲಿಲ್ಲ.” ರೆಟ್ನೊ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಚಿಟ್ಟಳು. “ನನಗೆ ಇದಾರೆ.”

“ನೀನೇ ನನ್ನನ್ನ ಕೆಣಕಿ ಮಾಡಿಸಿದೆ.”

“ನಾನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ಪ್ರತಿ ಕೊಯ್ಲಿಗೂ ಅವರ ಮುಂದೆ ಕಾಫಿ ಇಟ್ಟಿದೀನಿ. ನನ್ನ ಹೆಸರು ಕರೀತಾ ಎದ್ದೋರು ನನ್ನನ್ನೇ ನೋಡಿ, ಅಡುಗೆಯವಳನ್ನ ಕರೆಯೋ ಹಾಗೆ, ಸಕ್ಕರೆ ಬೇಡ ಬೊಕ್ ಅಂತಿದ್ರು. ಒಂದು ವರ್ಷ ನೋಡ್ತೀನಿ, ಬೆರಳಲ್ಲಿ ಹೊಸ ಉಂಗುರ. ಆ ಉಂಗುರ ಕೊಟ್ಟೋಳು ಯಾವಾಗ ಬರ್ತಾಳೆ ಅಂತ ಅವತ್ತಿಂದ ಕಾಯ್ತಿದ್ದೆ. ನನ್ನ ಹೊಟ್ಟೆ ಉರೀಲಿಲ್ಲ ಅಂದ್ಕೊಂಡೆಯಾ?”

ಕಿನಾಸಿ ಎದ್ದು ಓಡಬೇಕೆಂದುಕೊಂಡಳು. ಕಾಲು ಓಡಲಿಲ್ಲ. ಕೈಗಳು ತಾವಾಗಿ ಕಾಫಿಯ ತಟ್ಟೆ ಎತ್ತಿಕೊಂಡವು.

ಜಗಲಿಯಲ್ಲಿ ಪ್ರಸೋಜೊ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಬ್ಯಾಗು ಇಲ್ಲೇ ಇದೆ, ಫೋನು ಇಲ್ಲೇ ಇದೆ, ಎಲ್ಲಿಗೆ ಹೋದಳು ಎಂದು ಬು ಹರ್ತಿನಿಯನ್ನು ಕೇಳುತ್ತಿದ್ದ. ಅವರು ಕೋಣೆಯೊಳಗೆ ಇಣುಕಿದರು. ದಿಂಬು ಮಂಚದ ನಡುವೆ ಅಚ್ಚುಕಟ್ಟಾಗಿ ಮಲಗಿತ್ತು. ಅವರಿಗೆ ಅರ್ಥವಾಯಿತು. ಆದರೆ ಹೋಟೆಲು ನಡೆಸುವವರಿಗೆ ಬಾಯಿ ಮುಚ್ಚಿಕೊಳ್ಳಲೂ ಬರಬೇಕು.

“ಜಗಳ ಆಗಿತ್ತಾ?” ಎಂದಷ್ಟೇ ಕೇಳಿದರು.

ಅವನು ತಲೆ ತಗ್ಗಿಸಿದ.

“ಮಾಸ್, ನಾನಿಲ್ಲೇ ಇದೀನಿ,” ಎಂದಳು ಕಿನಾಸಿ. “ನನ್ನ ಕಡೆ ನೋಡಿ. ನಾನು ಕಿನಾಸಿ.”

ಪ್ರಸೋಜೊ ನೋಡಿದ. ಮರ್ಯಾದೆಯಿಂದಲೇ ನೋಡಿದ. “ಬೇಡ ಬೊಕ್, ಸಕ್ಕರೆ ಹಾಕಬೇಡಿ.”

ಅವಳು ತಟ್ಟೆ ಇಟ್ಟು ತನ್ನ ಅಂಗೈಯನ್ನು ಅವನ ಮೂಗಿನ ಬಳಿ ಹಿಡಿದಳು. ಬೆಟ್ಟದ ಮಗ್ಗುಲನ್ನೇ ಗುರುತಿಸುವ ಆ ಮೂಗು ಒಂದು ಸಲ ಉಸಿರೆಳೆದುಕೊಂಡಿತು. “ಈರುಳ್ಳಿ,” ಎಂದು ಅವನು ಮುಖ ಪಕ್ಕಕ್ಕೆ ತಿರುಗಿಸಿದ.

ಆಗ ತೋಟದ ಕಡೆಯಿಂದ ರೆಟ್ನೊ ನಡೆದು ಬಂದಳು, ಕೂದಲು ಬಿಟ್ಟುಕೊಂಡು, ಬರಿಗಾಲಲ್ಲಿ. ಚಪ್ಪಲಿ ಅವನ ಕೈಯಿಂದ ಜಾರಿತು. ಎಲ್ಲಿದ್ದೆ ಎಂದೂ ಅವನು ಕೇಳಲಿಲ್ಲ. “ಇನ್ನೂ ಸಿಟ್ಟಾ?” ಎಂದವನೇ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. ಕಿನಾಸಿ ಅದನ್ನು ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತು ನೋಡಿದಳು. ಕೆಳಗೆ ಬಿದ್ದ ಚಪ್ಪಲಿಯನ್ನು ರೆಟ್ನೊ ಕಾಲಿಗೆ ಮೆಟ್ಟಿಕೊಂಡಳು. ಅಳತೆ ಸರಿಯಾಗಿತ್ತು.

ಪೊಲೀಸರು ಮತ್ತೆ ಬಂದರು, ಮತ್ತೆ ಹುಡುಕಿದರು. ಮೊದಲನೆಯವಳು ಮರಳಿದಳೆಂದು ಎರಡನೆಯವಳು ಮುನಿಸಿಕೊಂಡು ಹೋದಳು ಎಂದು ಊರು ತಾನೇ ಕತೆ ಕಟ್ಟಿಕೊಂಡು ಸುಮ್ಮನಾಯಿತು. ಕಿನಾಸಿ ಈರುಳ್ಳಿ ಸುಲಿದಳು. ಬಂದುಹೋಗುವ ಹೆಂಗಸರ ಕಿವಿಯಲ್ಲಿ ಏನೇನೋ ಹೇಳಿ ನೋಡಿದಳು. ಕೆಲವರು ನಕ್ಕರು, ಕೆಲವರು ಹೆದರಿದರು, ದಿಂಬನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ಕೊಯ್ಲಿಗೆ ಪ್ರಸೋಜೊ ಬಂದ. ಅಭ್ಯಾಸ ಬಿಡುವ ಗಂಡಸಲ್ಲ ಅವನು. ರೆಟ್ನೊ ಕೂಡ ಬಂದಳು. ಬಾರದೆ ಇರುವುದು ಅವಳಿಗೆ ಕ್ಷೇಮವಾಗಿತ್ತು, ಆದರೆ ಬೆಳಗ್ಗೆ ಕಾಫಿ ತರುವವಳು ಯಾರೆಂದು ಅವಳಿಗೆ ಗೊತ್ತಿತ್ತು. ಅವನೊಬ್ಬನನ್ನೇ ಇಲ್ಲಿಗೆ ಕಳಿಸಲು ಮನಸ್ಸು ಬರಲಿಲ್ಲ. ಸಂಜೆ ತಾನೇ ದಿಂಬನ್ನು ಮಂಚದ ನಡುವೆ ಇಟ್ಟು, ಎರಡು ಸಲ ತಟ್ಟಿ, ಕಷಾಯ ತಂದ ಕಿನಾಸಿಯ ಮುಖ ನೋಡಿದಳು. ಅವಳ ಕಣ್ಣಿಗೆ ಮಾತ್ರ ಆ ಮುಖ ಕಾಣುತ್ತಿತ್ತು.

“ನಾನಂತೂ ಇದನ್ನ ಎಸೆಯಲ್ಲ ಬಿಡು,” ಎಂದಳು ರೆಟ್ನೊ. “ನನಗೆ ಗೊತ್ತು.”

ಬೆಳಗ್ಗೆ ಕಿನಾಸಿ ಕಾಫಿ ತೆಗೆದುಕೊಂಡು ಹೋದಳು. ಎಳೆಬಿಸಿಲು ಸೊಳ್ಳೆಪರದೆಯ ಮೇಲೆ ಬಿದ್ದಿತ್ತು. ರೆಟ್ನೊ ಮಂಚದ ಮೇಲೆ ಎದ್ದು ಕೂತಿದ್ದಳು, ಮುಖ ನಿದ್ದೆಗೆಟ್ಟು ಕಪ್ಪಿಟ್ಟಿತ್ತು. ಪಕ್ಕದಲ್ಲಿ ಪ್ರಸೋಜೊ ದಿಂಬನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಅದರ ತುದಿಯಲ್ಲಿ ಮುಖ ಹುದುಗಿಸಿ ಮಲಗಿದ್ದ.

“ಇನ್ನೂ ಸಿಟ್ಟಾ,” ಎಂದ ಅವನು ನಿದ್ದೆಯಲ್ಲಿ. “ಕಿನಾಸಿ. ಇನ್ನೂ ಸಿಟ್ಟಾ?”

ಕಿನಾಸಿ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಕಾದಳು. ರೆಟ್ನೊಗೆ ಎಲ್ಲವೂ ಗೊತ್ತಿತ್ತು. ಆದರೂ ಅವಳ ಕೈ ಮೆಲ್ಲಗೆ ಮುಂದೆ ಬಂದು ದಿಂಬಿನ ತುದಿಯನ್ನು ಹಿಡಿದುಕೊಂಡಿತು.